ಮಳೆ ಬರುತ್ತದೆ ಅಂತ ಸಹಿ ಹಾಕುವ ಕೆಲಸ

ಸ್ನೇಹಿತೆಯೊಬ್ಬಳ ಮಗಳು ಫಿಸಿಕ್ಸ್‌ನಲ್ಲಿ ಎಂಎಸ್ಸಿ ಮುಗಿಸಿದ್ದಾಳೆ. ಹೋದ ತಿಂಗಳು ಫೋನ್ ಮಾಡಿ ಕೇಳಿದಳು. "ಆಂಟಿ, ಸರ್ಕಾರಿ ಹವಾಮಾನ ಇಲಾಖೆಗೆ ಅರ್ಜಿ ಹಾಕೋಣ ಅಂತಿದ್ದೀನಿ. ಎಲ್ಲರೂ ಬೇಡ ಅಂತಾರೆ. ಇನ್ನು ಹತ್ತು ವರ್ಷಕ್ಕೆ ಆ ಕೆಲಸ ಎಲ್ಲಾ ಎಐ ಮಾಡುತ್ತಂತೆ. ನೀವೇನಂತೀರಿ?"

ನಾನು ಇಪ್ಪತ್ತೆಂಟು ವರ್ಷ ಅದೇ ಕೆಲಸ ಮಾಡಿ ನಿವೃತ್ತಳಾದವಳು. "ಧೈರ್ಯವಾಗಿ ಹಾಕು ಪುಟ್ಟಿ" ಅಂತಷ್ಟೇ ಹೇಳಿ ಫೋನ್ ಇಟ್ಟೆ. ಆಮೇಲೆ ಅನ್ನಿಸಿತು, ಯಾಕೆ ಅಂತಲೂ ಹೇಳಬೇಕಿತ್ತು ಅಲ್ವಾ? ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಅವಳ ಹಾಗೆ ಯೋಚಿಸುತ್ತಿರುವ ಇನ್ನೂ ಕೆಲವರಿಗೆ ಉಪಯೋಗಕ್ಕೆ ಬರಬಹುದು.

ಹವಾಮಾನ ಇಲಾಖೆ ಅಂದ ತಕ್ಷಣ ಜನರಿಗೆ ನೆನಪಾಗುವುದು ಟಿವಿಯಲ್ಲಿ ನಕ್ಷೆಯ ಮುಂದೆ ನಿಂತು ಮಾತಾಡುವವರು. ನನ್ನ ಕೆಲಸ ಶುರುವಾಗಿದ್ದು ಒಂದು ಶೆಡ್ಡಿನಲ್ಲಿ. ಬಲೂನಿಗೆ ಹೈಡ್ರೋಜನ್ ತುಂಬುವ ಶೆಡ್. ಒಳಗೆ ಹೋಗುವಾಗ ಕಾಟನ್ ಬಟ್ಟೆಯನ್ನೇ ಹಾಕಿರಬೇಕು. ಸಿಂಥೆಟಿಕ್ ಬಟ್ಟೆ ಉಜ್ಜಿ ಒಂದು ಕಿಡಿ ಹಾರಿದರೂ ಮುಗಿಯಿತು. ಬಲೂನು ನಿಧಾನವಾಗಿ ಉಬ್ಬಿ ಆಳೆತ್ತರ ಆದ ಮೇಲೆ ಬಾಯಿ ಬಿಗಿದು, ಪುಟ್ಟ ಪ್ಯಾರಾಚೂಟ್ ಕಟ್ಟಿ, ಉದ್ದ ದಾರದ ತುದಿಗೆ ರೇಡಿಯೋಸಾಂಡ್ ಅನ್ನುವ ಸಣ್ಣ ಡಬ್ಬಿ ಕಟ್ಟುತ್ತಿದ್ದೆವು. ಗಾಳಿ ಜೋರಿದ್ದ ದಿನ ಡಬ್ಬಿ ನೆಲಕ್ಕೆ ಬಡಿಯಬಾರದು ಅಂತ ಅದನ್ನು ಹಿಡಿದುಕೊಂಡು ಗಾಳಿಯ ಜೊತೆಗೇ ಓಡಬೇಕು. ಕೈಬಿಟ್ಟ ಮೇಲೆ ದಾರ ಬಿಗಿಯಾಗಿ ಡಬ್ಬಿ ಒಮ್ಮೆ ಜಗ್ಗಿಕೊಂಡು ಮೇಲೇಳುತ್ತದೆ. ಆ ಒಂದು ಕ್ಷಣ ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಕೊನೆಯ ಸಲ ಬಿಟ್ಟಾಗಲೂ ಹಾಗೇ.

ಬಲೂನು ನಿಮಿಷಕ್ಕೆ ಸುಮಾರು 300 ಮೀಟರ್ ಏರುತ್ತದೆ. ಹೋಗ್ತಾ ಹೋಗ್ತಾ ಉಷ್ಣಾಂಶ, ತೇವಾಂಶ, ಗಾಳಿಯ ಒತ್ತಡ, ಗಾಳಿ ಬೀಸುವ ದಿಕ್ಕು, ವೇಗ ಎಲ್ಲವನ್ನೂ ಕೆಳಗೆ ಕಳಿಸುತ್ತಿರುತ್ತದೆ. 30 ಕಿಲೋಮೀಟರ್ ಆಸುಪಾಸು ಹೋಗಿ ಒಡೆಯುತ್ತದೆ. ಅಲ್ಲಿ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಒಡೆಯುವ ಹೊತ್ತಿಗೆ ಅದು ಒಂದು ಕೋಣೆಯಷ್ಟು ದೊಡ್ಡದಾಗಿರುತ್ತದೆ. ಜಗತ್ತಿನಲ್ಲಿ ನೂರಾರು ಕಡೆ ದಿನಕ್ಕೆರಡು ಸಲ, ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಗಡಿಯಾರದ 00 ಮತ್ತು 12 ಗಂಟೆಯ ಲೆಕ್ಕಕ್ಕೆ, ಎಲ್ಲರೂ ಒಂದೇ ಹೊತ್ತಿಗೆ ಬಲೂನು ಬಿಡುತ್ತಾರೆ. ಒಬ್ಬರ ಮುಖ ಒಬ್ಬರು ನೋಡದಷ್ಟು ಮುನಿಸಿಕೊಂಡ ದೇಶಗಳೂ ಈ ಅಂಕಿಗಳನ್ನು ಪರಸ್ಪರ ಹಂಚಿಕೊಳ್ಳುತ್ತವೆ. ಮೋಡಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ ಅಂತ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದರು.

ಎಐ ವಿಷಯಕ್ಕೆ ಇಲ್ಲಿಂದಲೇ ಬರುತ್ತೇನೆ. 2023ರಲ್ಲಿ ಗ್ರಾಫ್‌ಕಾಸ್ಟ್, ಪಂಗು-ವೆದರ್ ಎಂಬ ಹವಾಮಾನ ಮುನ್ಸೂಚನೆಯ ಎಐ ಮಾಡೆಲ್‌ಗಳು ದೊಡ್ಡ ಸುದ್ದಿಯಾದವು. ಅವು ನಿಜಕ್ಕೂ ಚೆನ್ನಾಗಿವೆ, ಅದನ್ನು ಸುಳ್ಳು ಅನ್ನಲಾರೆ. ಸೂಪರ್ ಕಂಪ್ಯೂಟರ್ ಗಂಟೆಗಟ್ಟಲೆ ಮಾಡುವ ಲೆಕ್ಕವನ್ನು ಕೆಲವೇ ನಿಮಿಷದಲ್ಲಿ ಮಾಡುತ್ತವೆ. ಯುರೋಪಿನ ದೇಶಗಳು ಸೇರಿ ನಡೆಸುವ ಇಸಿಎಂಡಬ್ಲ್ಯುಎಫ್ ಎಂಬ ಹವಾಮಾನ ಮುನ್ಸೂಚನಾ ಕೇಂದ್ರವೂ 2025ರ ಫೆಬ್ರವರಿಯಲ್ಲಿ ತನ್ನದೇ ಎಐ ಮಾಡೆಲನ್ನು ದಿನನಿತ್ಯದ ಕೆಲಸಕ್ಕೆ ತಂದಿತು. ಆದರೆ ಇವೆಲ್ಲ ಮುಖ್ಯವಾಗಿ ಕಲಿತದ್ದು ಎಲ್ಲಿಂದ? ಇಆರ್‌ಎ5 ಅನ್ನುವ, ಕಳೆದ ದಶಕಗಳ ಹವಾಮಾನ ದತ್ತಾಂಶದ ಭಂಡಾರದಿಂದ. ಅದು ತುಂಬಿದ್ದು ದಶಕಗಳಿಂದ ಬಿಟ್ಟ ಬಲೂನುಗಳಿಂದ, ಉಪಗ್ರಹಗಳಿಂದ, ಹಡಗುಗಳಿಂದ, ಬೆಳಗಿನ ಜಾವ ಎದ್ದು ಥರ್ಮಾಮೀಟರ್ ಓದಿದ ಕೈಗಳಿಂದ. ಇವತ್ತಿನ ಮುನ್ಸೂಚನೆ ಶುರು ಮಾಡಲೂ ಆ ಎಐಗೆ ಇವತ್ತಿನ ವೀಕ್ಷಣೆ ಬೇಕು. ಬಲೂನು ಬಿಡುವವರ ಹುದ್ದೆ ಖಾಲಿ ಬಿಟ್ಟು "ಎಐ ಇದೆಯಲ್ಲ" ಅನ್ನುವುದು ಬಾವಿ ಮುಚ್ಚಿ ಕೊಡಪಾನ ಹೊಳಪು ಮಾಡಿದ ಹಾಗೆ. ಎಲ್ಲಾದರೂ ಅಂಥ ಸುದ್ದಿ ಓದಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನು ಇದನ್ನು ಸರ್ಕಾರವೇ ಯಾಕೆ ಮಾಡಬೇಕು, ಆ್ಯಪ್‌ಗಳಿಲ್ಲವೇ ಅನ್ನುವ ಪ್ರಶ್ನೆ. ಇದಕ್ಕೆ ನನಗೆ ಯಾವಾಗಲೂ ನೆನಪಾಗುವುದು ರಾಬರ್ಟ್ ಫಿಟ್ಜ್‌ರಾಯ್. ಡಾರ್ವಿನ್ ಪ್ರಯಾಣ ಮಾಡಿದ ಬೀಗಲ್ ಹಡಗಿನ ಕ್ಯಾಪ್ಟನ್ ಅಂತ ಅವರು ಹೆಸರುವಾಸಿ. ಆದರೆ 1854ರಲ್ಲಿ ಬ್ರಿಟನ್ನಿನಲ್ಲಿ ಸರ್ಕಾರಿ ಹವಾಮಾನ ಕಚೇರಿ ಕಟ್ಟಿದವರೂ ಅವರೇ. 1859ರ ಅಕ್ಟೋಬರಿನ ಬಿರುಗಾಳಿಯಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ಒಡೆದು ನಾನೂರಕ್ಕೂ ಜಾಸ್ತಿ ಜನ ಸತ್ತರು. ಅದಾದ ಮೇಲೆ ಫಿಟ್ಜ್‌ರಾಯ್ ಸುಮ್ಮನೆ ಕೂರಲಿಲ್ಲ. ಕರಾವಳಿಯ ಕೇಂದ್ರಗಳಿಂದ ಟೆಲಿಗ್ರಾಫ್‌ನಲ್ಲಿ ಅಂಕಿ ತರಿಸಿಕೊಂಡು 1861ರಲ್ಲಿ ಬಂದರುಗಳಲ್ಲಿ ಬಿರುಗಾಳಿಯ ಸಂಕೇತ ಏರಿಸುವ ವ್ಯವಸ್ಥೆ ಮಾಡಿದರು. ಅದೇ ವರ್ಷ ಆಗಸ್ಟ್ 1ಕ್ಕೆ ಪತ್ರಿಕೆಯಲ್ಲಿ ಮೊದಲ ಸಾರ್ವಜನಿಕ ಮುನ್ಸೂಚನೆ ಬಂತು. ಉಪಗ್ರಹ ಇಲ್ಲ, ಕಂಪ್ಯೂಟರ್ ಇಲ್ಲ. ತಪ್ಪುಗಳೂ ಆದವು. ಪತ್ರಿಕೆಗಳು ಗೇಲಿ ಮಾಡಿದವು, ವಿಜ್ಞಾನಿಗಳು ಇದು ವಿಜ್ಞಾನವೇ ಅಲ್ಲ ಅಂದರು. 1865ರಲ್ಲಿ ಅವರು ತಮ್ಮ ಜೀವ ತಾವೇ ಕಳೆದುಕೊಂಡರು. ಮರುವರ್ಷ ಒಂದು ಸಮಿತಿ ಕೂತು ಮುನ್ಸೂಚನೆಯನ್ನೂ ಬಿರುಗಾಳಿ ಎಚ್ಚರಿಕೆಯನ್ನೂ ನಿಲ್ಲಿಸಿಬಿಟ್ಟಿತು.

ಆಗ "ನಮಗೆ ಎಚ್ಚರಿಕೆ ಬೇಕು" ಅಂತ ಒತ್ತಾಯ ಬಂದದ್ದು ಕಡಲಿಗೆ ಇಳಿಯುವವರ ಕಡೆಯಿಂದ. 1867ರಲ್ಲೇ ಬಿರುಗಾಳಿ ಎಚ್ಚರಿಕೆ ಮತ್ತೆ ಶುರುವಾಯಿತು. ದಿನದ ಮುನ್ಸೂಚನೆ ಪತ್ರಿಕೆಗೆ ಮರಳಲು 1879 ಆಯಿತು. ಈ ಎರಡು ಇಸವಿಗಳ ಅಂತರ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಬಿಸಿಲೋ ಮಳೆಯೋ ಅಂತ ಕುತೂಹಲಕ್ಕೆ ಓದುವವರು ಹತ್ತು ಹನ್ನೆರಡು ವರ್ಷ ಕಾಯಬಹುದು. ದೋಣಿ ಇಳಿಸುವವನು ಒಂದು ಚಳಿಗಾಲವೂ ಕಾಯಲಾರ. ದುಡ್ಡು ಕೊಟ್ಟು ಮುನ್ಸೂಚನೆ ಕೊಳ್ಳುವ ಶಕ್ತಿಯೂ ಅವನಿಗೆ ಇರುವುದಿಲ್ಲ. ಅವನಿಗಾಗಿ ಯಾರಾದರೂ ಸಂಬಳಕ್ಕೆ ಕೂತು, ರಾತ್ರಿಯೆಲ್ಲ ಎಚ್ಚರವಾಗಿದ್ದು, ತಪ್ಪಾದರೆ ಉತ್ತರ ಹೇಳುವ ಹಾಗಿರಬೇಕು. ಆ್ಯಪ್ ತಪ್ಪಾದರೆ ಯಾರನ್ನು ಕೇಳುತ್ತೀರಿ?

ನನ್ನದೇ ಒಂದು ತಪ್ಪು ಹೇಳುತ್ತೇನೆ. ಇಷ್ಟು ವರ್ಷವಾದರೂ ಮನಸ್ಸಿನಿಂದ ಹೋಗಿಲ್ಲ.

ಮುನ್ಸೂಚನೆ ವಿಭಾಗಕ್ಕೆ ಬಂದ ಎರಡನೇ ವರ್ಷ. ಒಂದು ವಾಯುಭಾರ ಕುಸಿತ ನೋಡಿ "ಅತಿ ಭಾರಿ ಮಳೆ" ಅಂತ ಎಚ್ಚರಿಕೆ ಕೊಟ್ಟೆ. ಕುಸಿತ ಪಕ್ಕಕ್ಕೆ ಸರಿದು ಮಳೆಯೆಲ್ಲ ಸಮುದ್ರದ ಮೇಲೆ ಸುರಿಯಿತು. ಮರುದಿನವಿಡೀ ಫೋನಿನಲ್ಲಿ ಬೈಗುಳ. ಶಾಲೆಗೆ ರಜೆ ಕೊಟ್ಟವರು, ಕೆಲಸ ನಿಲ್ಲಿಸಿದವರು, ಎಲ್ಲರೂ. ಮೂರು ವಾರದ ನಂತರ ನನ್ನದೇ ನೈಟ್ ಡ್ಯೂಟಿಯಲ್ಲಿ ಅಂಥದ್ದೇ ಚಾರ್ಟ್, ಅಂದರೆ ಹವಾಮಾನದ ನಕ್ಷೆ, ಬಂತು. "ಅತಿ ಭಾರಿ" ಅಂತ ಬರೆದೆ. ಪೆನ್ ಕೆಳಗಿಟ್ಟೆ. ಮತ್ತೆ ಎತ್ತಿಕೊಂಡು ಅದನ್ನು ಹೊಡೆದುಹಾಕಿ "ಸಾಧಾರಣದಿಂದ ಭಾರಿ" ಅಂತ ಬರೆದು ಸಹಿ ಹಾಕಿದೆ. ಆ ರಾತ್ರಿ ಸುರಿದ ಮಳೆಗೆ ತಗ್ಗಿನ ಮನೆಗಳಿಗೆಲ್ಲ ನೀರು ನುಗ್ಗಿತು. ನನ್ನನ್ನು ಯಾರೂ ಪ್ರಶ್ನಿಸಲಿಲ್ಲ. "ಭಾರಿ" ಅನ್ನುವ ಪದ ಅಲ್ಲಿತ್ತಲ್ಲ. ಆದರೆ ಅದನ್ನು ಬರೆದದ್ದು ಚಾರ್ಟ್ ನೋಡಿ ಅಲ್ಲ, ಫೋನಿಗೆ ಹೆದರಿ. ಅದು ನನಗೆ ಗೊತ್ತಿತ್ತು.

ಆಮೇಲೆ ಓದಿದ ಒಂದು ಹಳೇ ಲೆಕ್ಕ ನನಗೆ ದೊಡ್ಡ ಪಾಠವಾಯಿತು. 1884ರಲ್ಲಿ ಅಮೆರಿಕದ ಸೇನೆಯ ಸಿಗ್ನಲ್ ವಿಭಾಗದಲ್ಲಿದ್ದ ಜಾನ್ ಫಿನ್ಲೆ ಸುಂಟರಗಾಳಿಯ ಮುನ್ಸೂಚನೆ ಶುರು ಮಾಡಿದರು. ನೂರಕ್ಕೆ 96.6ರಷ್ಟು ಸರಿ ಬಂತು ಅಂತ ಲೆಕ್ಕ ಕೊಟ್ಟರು. ಗಿಲ್ಬರ್ಟ್ ಎನ್ನುವವರು ಆ ಲೆಕ್ಕ ನೋಡಿ ಹೇಳಿದ್ದು ಇಷ್ಟೇ: ಪ್ರತಿ ದಿನವೂ "ಸುಂಟರಗಾಳಿ ಬರುವುದಿಲ್ಲ" ಅಂತ ಬರೆದಿದ್ದರೆ 98.2ರಷ್ಟು ಸರಿ ಬರುತ್ತಿತ್ತು! ಏನೂ ಆಗಲ್ಲ ಅನ್ನುವವರಿಗೇ ಅಂಕ ಜಾಸ್ತಿ. ಆದರೂ ಫಿನ್ಲೆ "ಬರುತ್ತದೆ" ಅಂದದ್ದರಲ್ಲಿ 28 ಸಲ ನಿಜವಾಗಿಯೂ ಬಂದಿತ್ತು. ಆ 28ರ ಬೆಲೆ ಶೇಕಡಾವಾರು ಲೆಕ್ಕದಲ್ಲಿ ಕಾಣುವುದೇ ಇಲ್ಲ. ಈ ಕೆಲಸಕ್ಕೆ ಬೇಕಾದ ಧೈರ್ಯ ಅಂದರೆ ಇದೇ. ನೂರು ಸಲ ಬೈಸಿಕೊಂಡರೂ ನೂರಾ ಒಂದನೇ ಸಲ ಚಾರ್ಟ್ ಏನು ಹೇಳುತ್ತದೋ ಅದನ್ನೇ ಬರೆಯುವುದು. ಪ್ರವೇಶ ಪರೀಕ್ಷೆಯಲ್ಲಿ ಇದನ್ನು ಅಳೆಯುವುದು ಕಷ್ಟ. ಆದರೆ ತರಬೇತಿಯಲ್ಲಿ ಕಲಿಸಬಹುದು. ತಪ್ಪಾದ ಎಚ್ಚರಿಕೆಗೆ ನೋಟಿಸ್ ಕೊಡುವ ಬದಲು ಎಲ್ಲರೂ ಕೂತು ಚರ್ಚೆ ಮಾಡುವ ಅಧಿಕಾರಿಗಳಿದ್ದರೆ ಅದು ತಾನಾಗೇ ಬರುತ್ತದೆ.

ಪುಟ್ಟಿಗೆ ಇನ್ನು ಕೆಲವು ನೇರ ಮಾತು. ಗಣಿತ, ಫಿಸಿಕ್ಸ್ ಗಟ್ಟಿ ಇರಲಿ. ಪೈಥಾನ್ ಬರಲಿ, ಫೋರ್‌ಟ್ರಾನ್ ಅನ್ನುವ ಹಳೇ ಕಂಪ್ಯೂಟರ್ ಭಾಷೆ ನೋಡಿ ಗಾಬರಿ ಆಗಬೇಡ, ದೊಡ್ಡ ಮಾಡೆಲ್‌ಗಳಲ್ಲಿ ಅದು ಇನ್ನೂ ಜೀವಂತವಾಗಿದೆ. ಮುನ್ಸೂಚನೆ ಒಂದೇ ಕೆಲಸ ಅಲ್ಲ. ವಿಮಾನ ನಿಲ್ದಾಣದಲ್ಲಿ ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ವರದಿ ಕಳಿಸುವವರಿದ್ದಾರೆ, ರಾಡಾರ್ ರಿಪೇರಿ ಮಾಡುವವರಿದ್ದಾರೆ, ರೈತರಿಗೆ ಸಲಹೆ ಬರೆಯುವವರಿದ್ದಾರೆ. ಸಂಬಳ ಖಾಸಗಿ ಕಂಪನಿಯಷ್ಟು ಇರುವುದಿಲ್ಲ. ಹಬ್ಬದ ದಿನ ಡ್ಯೂಟಿ ಬೀಳುತ್ತದೆ. ಬಿರುಗಾಳಿ ಬಂದಾಗ ಎಲ್ಲರೂ ಮನೆಗೆ ಹೋಗುತ್ತಾರೆ, ನೀನು ಆಫೀಸಿಗೆ ಹೋಗುತ್ತೀಯ. ಇದನ್ನೆಲ್ಲ ಮನೆಯಲ್ಲಿ ಈಗಲೇ ಹೇಳಿಬಿಡು.

ಇನ್ನೊಂದು ಸಮಾಧಾನದ ವಿಷಯವೂ ಇದೆ. ಸುಮಾರು ಹತ್ತು ವರ್ಷಕ್ಕೆ ಒಂದು ದಿನದಂತೆ ಮುನ್ಸೂಚನೆ ಸುಧಾರಿಸುತ್ತಾ ಬಂದಿದೆ. ಅಂದರೆ ನಾನು ಕೆಲಸಕ್ಕೆ ಸೇರಿದಾಗ ಮೂರು ದಿನ ಮುಂದಿನದನ್ನು ಎಷ್ಟು ಚೆನ್ನಾಗಿ ಹೇಳಬಹುದಿತ್ತೋ, ನಿವೃತ್ತಳಾಗುವಾಗ ಐದಾರು ದಿನ ಮುಂದಿನದನ್ನು ಅಷ್ಟೇ ಚೆನ್ನಾಗಿ ಹೇಳಬಹುದಿತ್ತು. ತನ್ನ ಕೆಲಸ ಕಣ್ಣೆದುರೇ ಹೀಗೆ ಬೆಳೆಯುವುದನ್ನು ನೋಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ?

ಅರ್ಜಿಯ ಜೊತೆಗೆ ಒಂದು ನೋಟ್‌ಬುಕ್ ಶುರು ಮಾಡು ಅಂತ ಆಮೇಲೆ ಪುಟ್ಟಿಗೆ ಮೆಸೇಜ್ ಕಳಿಸಿದ್ದೆ. ದಿನಾ ಸಂಜೆ ಆಕಾಶ ನೋಡಿ, ಚಾರ್ಟ್ ನೋಡಿ, ನಾಳೆ ಮಳೆಯ ಸಾಧ್ಯತೆ ಶೇಕಡಾ ಎಷ್ಟು ಅಂತ ಬರೆಯಬೇಕು. ಮರುದಿನ ಏನಾಯಿತು ಅಂತ ಪಕ್ಕದಲ್ಲೇ ಬರೆಯಬೇಕು. ನಿನ್ನೆ ಅದರ ಫೋಟೋ ಕಳಿಸಿದ್ದಳು. ಹದಿಮೂರು ದಿನದ ಸಾಲುಗಳು. ಏಳನೇ ಸಾಲಿನ ಪಕ್ಕ ಕೆಂಪು ಇಂಕಿನಲ್ಲಿ "20 ಅಂದಿದ್ದೆ, ಮಳೆ ಬಂದೇಬಿಟ್ಟಿತು, ತಪ್ಪು" ಅಂತ ಬರೆದು ಎರಡು ಗೆರೆ ಎಳೆದಿದ್ದಳು.

ಅದಕ್ಕೆ ನಾನು ಹೀಗೆ ಉತ್ತರ ಬರೆದೆ: "ಆ ಗೆರೆ ಅಳಿಸು. 20 ಅಂತ ಬರೆದ ದಿನಗಳಲ್ಲಿ ಐದಕ್ಕೊಂದು ದಿನ ಮಳೆ ಬರಲೇಬೇಕು. ಬರದೇ ಹೋದರೆ ಆಗ ತಪ್ಪು. ಇನ್ನೂ ನೂರು ದಿನ ಬರಿ, ಆಮೇಲೆ ಇಬ್ಬರೂ ಕೂತು ಎಣಿಸೋಣ."