ದಮ್ಮಿಲ್ಲ ಅಂತ ಬೈಯೋ ಮೊದಲು ಅಂತರ ಅಳೀರಿ

ಟಿವಿ ಮುಂದೆ ಕೂತು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ನೋಡುವಾಗಲೂ ಅಷ್ಟೇ, ಬಳ್ಳಾರಿಯ ಮೈದಾನದ ಕಟ್ಟೆ ಮೇಲೆ ಕೂತು ಲೋಕಲ್ ಟೂರ್ನಮೆಂಟ್ ನೋಡುವಾಗಲೂ ಅಷ್ಟೇ. 70ನೇ ನಿಮಿಷ ದಾಟಿದ ಮೇಲೆ ತಂಡ ಗೋಲು ತಿಂದರೆ ತೀರ್ಪು ರೆಡಿ: ‘ದಮ್ಮಿಲ್ಲಲೇ ಇವ್ರಿಗೆ.’ ಕೋಚ್ ಕೂಡ ಅದನ್ನೇ ನಂಬಿ ಮರುದಿನ ಬೆಳಿಗ್ಗೆ ಹುಡುಗರಿಂದ ಮೈದಾನದ ಸುತ್ತ ಹದಿನೈದು ರೌಂಡು ಹೊಡೆಸ್ತಾರೆ. ಈ ತೀರ್ಪೂ ತಪ್ಪು, ಈ ಔಷಧಿಯೂ ತಪ್ಪು ಅನ್ನೋದು ನನ್ನ ವಾದ. ಆಟಗಾರನ ಕಾಲು ಸೋಲೋದಕ್ಕಿಂತ ಮೊದಲು ತಂಡದ ಆಕಾರ ಸೋತಿರುತ್ತೆ. ಕಾಲಿಗೆ ಆ ಸೋಲು ಆಮೇಲೆ ತಟ್ಟುತ್ತೆ.

ಒಂದು ಸಣ್ಣ ಲೆಕ್ಕ ಹಾಕಿ. ಎದುರಾಳಿ ಸ್ಟಾಪರ್ (ಗೋಲಿನ ಮುಂದೆ ನಡುವೆ ನಿಲ್ಲೋ ಡಿಫೆಂಡರ್) ತನ್ನ ರೈಟ್ ಬ್ಯಾಕ್‌ಗೆ (ಬಲಬದಿಯ ಡಿಫೆಂಡರ್) 20 ಮೀಟರ್ ಪಾಸ್ ಕೊಡ್ತಾನೆ. ಗಟ್ಟಿಯಾಗಿ ಹೊಡೆದ ನೆಲದ ಪಾಸ್ ಸೆಕೆಂಡಿಗೆ ಸುಮಾರು 15 ಮೀಟರ್ ಹೋಗುತ್ತೆ, ಅಂದ್ರೆ ತಲುಪೋಕೆ 1.3 ಸೆಕೆಂಡು. ನಮ್ಮ ವಿಂಗರ್, ಅಂದ್ರೆ ಅಂಚಿನಲ್ಲಿ ಆಡೋ ಫಾರ್ವರ್ಡ್, ನಿಂತ ಜಾಗದಿಂದ ಓಡಬೇಕು. ಪ್ರೊಫೆಷನಲ್ ಆಟಗಾರನಿಗೆ ಮೊದಲ 5 ಮೀಟರ್‌ಗೆ ಸುಮಾರು ಒಂದು ಸೆಕೆಂಡು, 10 ಮೀಟರ್‌ಗೆ 1.75 ಸೆಕೆಂಡು ಬೇಕು. ಚೆಂಡು ಹೊರಟ ಕ್ಷಣವೇ ಅವನೂ ಹೊರಟರೆ, ಅದು ತಲುಪುವಷ್ಟರಲ್ಲಿ 7 ಮೀಟರ್ ದಾಟಿರ್ತಾನೆ. ರೈಟ್ ಬ್ಯಾಕ್‌ನಿಂದ 7–8 ಮೀಟರ್ ದೂರದಲ್ಲಿ ನಿಂತಿದ್ದರೆ ಚೆಂಡಿನ ಜತೆಗೇ ಅವನ ಮೈಮೇಲೆ ಹೋಗಿ ಬೀಳ್ತಾನೆ. 15 ಮೀಟರ್ ದೂರದಲ್ಲಿ ನಿಂತಿದ್ದರೆ ಒಟ್ಟು 2.4 ಸೆಕೆಂಡು ಬೇಕು, ರೈಟ್ ಬ್ಯಾಕ್‌ಗೆ ಒಂದು ಸೆಕೆಂಡಿಗಿಂತ ಜಾಸ್ತಿ ಸಿಕ್ತು. ನಮಗೆ ನಿಮಗೆ ಒಂದು ಸೆಕೆಂಡು ಲೆಕ್ಕಕ್ಕೇ ಇಲ್ಲ. ಆ ಮಟ್ಟದವನಿಗೆ ತಲೆ ಎತ್ತಿ, ಮೈ ತಿರುಗಿಸಿ, ಮುಂದಿನ ಪಾಸ್ ಕೊಡೋಕೆ ಅದು ಧಾರಾಳ.

ಹುಡುಗ ಅವನೇ, ವೇಗ ಅದೇ, ಉಸಿರು ಅದೇ. ಬೇರೆಯಾಗಿದ್ದು ನಿಂತ ಜಾಗ ಮಾತ್ರ. ಅಷ್ಟಕ್ಕೇ ಮುಗಿಯಲ್ಲ. ಪಾಸ್ ತಪ್ಪಿಸಿಕೊಂಡು ಹೋದ ಮೇಲೆ ಅವನು 30–40 ಮೀಟರ್ ವಾಪಸ್ ಓಡಬೇಕು, ಅದೂ ಗೋಲಿನ ಕಡೆ ಮುಖ ಮಾಡಿ, ಗಾಬರಿಯಲ್ಲಿ. ಇಂಥ ದಂಡದ ಓಟ ಒಂದು ಮ್ಯಾಚಲ್ಲಿ ಇಪ್ಪತ್ತು ಸಲ ಆದರೆ ಎಂಥ ಕುದುರೆಯೂ ನೊರೆ ಕಾರುತ್ತೆ. ಆಮೇಲೆ ನಾವು ಅವನಿಗೇ ದಮ್ಮಿಲ್ಲ ಅಂತೀವಿ.

ಇಟಲಿಯ ಅರಿಗೋ ಸಾಕಿ ಎಸಿ ಮಿಲಾನ್‌ಗೆ 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆಲ್ಲಿಸಿಕೊಟ್ಟ ಕೋಚ್. ಮುಂದಿನ ಫಾರ್ವರ್ಡ್‌ಗೂ ಹಿಂದಿನ ಬ್ಯಾಕ್ ಸಾಲಿಗೂ ನಡುವೆ 25 ಮೀಟರ್‌ಗಿಂತ ಜಾಸ್ತಿ ಇರಬಾರದು ಅನ್ನೋದು ಅವರ ಹಟ. ಚೆಂಡೇ ಇಲ್ಲದೆ ಹನ್ನೊಂದು ಜನರನ್ನು ಒಟ್ಟಿಗೆ ಸರಿದಾಡಿಸೋ ಅಭ್ಯಾಸ ಮಾಡಿಸ್ತಿದ್ದರು. ನೋಡಿದವರು ನಕ್ಕಿರಬಹುದು. ಈಗಿನ ತಂಡಗಳಿಗೆ 25 ಕಷ್ಟ, 30–35 ಮೀಟರ್ ಇದ್ದರೂ ಸಾಕು. ಸಾಲು ಸಾಲಿನ ನಡುವೆ 10–15 ಮೀಟರ್ ಉಳಿಯುತ್ತೆ, ಪ್ರತಿಯೊಬ್ಬನ ಓಟವೂ ಗಿಡ್ಡ ಆಗುತ್ತೆ.

ಪ್ರೆಸ್, ಅಂದ್ರೆ ಚೆಂಡಿದ್ದವನ ಮೇಲೆ ಮುನ್ನುಗ್ಗಿ ಒತ್ತಡ ಹಾಕೋದು, ಯಾವಾಗ ಶುರು ಮಾಡಬೇಕು ಅನ್ನೋದಕ್ಕೂ ಸೂಚನೆಗಳಿವೆ. ಎದುರಾಳಿ ಹಿಂದಕ್ಕೆ ಪಾಸ್ ಕೊಟ್ಟಾಗ, ಮೊದಲ ಟಚ್ ಜಾರಿದಾಗ, ನಮ್ಮ ಗೋಲಿಗೆ ಬೆನ್ನು ಹಾಕಿ ಚೆಂಡು ತಗೊಂಡಾಗ, ಟಚ್ ಲೈನ್ ಹತ್ತಿರ ಸಿಕ್ಕಿಕೊಂಡಾಗ. ಕೊನೆಯದು ಬಂಗಾರ, ಯಾಕಂದ್ರೆ ಗೆರೆ ಓಡಲ್ಲ, ದಣಿಯಲ್ಲ, ಮೋಸ ಹೋಗಲ್ಲ. ಫಾರ್ವರ್ಡ್ ನೇರ ಓಡಬಾರದು, ಬಿಲ್ಲಿನ ಹಾಗೆ ಬಾಗಿ ಓಡಬೇಕು: ಚೆಂಡಿದ್ದವನಿಗೂ ಒಳಗಿನ ಹಾಫ್‌ಗೂ (ನಡುಮೈದಾನದ ಆಟಗಾರ) ನಡುವಿನ ದಾರಿ ತನ್ನ ಬೆನ್ನ ಹಿಂದೆ ಬರೋ ಹಾಗೆ. ಆಗ ಒಬ್ಬನೇ ಇಬ್ಬರನ್ನು ಕಟ್ಟಿಹಾಕ್ತಾನೆ. ನೇರ ಓಡಿದರೆ ಎದುರಾಳಿ ಒಳಗೆ ಒಂದು ಪಾಸ್ ಕೊಟ್ಟು ನಮ್ಮ ಮೂವರನ್ನು ಆಟದಿಂದಲೇ ಹೊರಗೆ ಹಾಕ್ತಾನೆ. ಕೊನೆಯ ಎರಡು ಮೀಟರ್‌ನಲ್ಲಿ ವೇಗ ಇಳಿಸಿ, ಮೊಣಕಾಲು ಬಗ್ಗಿಸಿ, ಓರೆಯಾಗಿ ನಿಲ್ಲಬೇಕು. ನಮ್ಮ ಕಡೆ ಹುಡುಗರು ಹಾರಿ ಬೀಳೋದು ಇಲ್ಲೇ. ಪೂರ್ತಿ ವೇಗದಲ್ಲಿ ನುಗ್ಗಿ ಸ್ಲೈಡ್ ಹೊಡೀತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ಎದುರಾಳಿ ಪಕ್ಕದಿಂದ ಹೋಗಿಬಿಟ್ಟಿರ್ತಾನೆ.

ಈಗ ಓಟದ ಮಾತು. ಪ್ರೊಫೆಷನಲ್ ಮ್ಯಾಚಲ್ಲಿ ಗೋಲಿ (ಗೋಲ್‌ಕೀಪರ್) ಬಿಟ್ಟು ಉಳಿದವರು 10ರಿಂದ 12 ಕಿ.ಮೀ. ಓಡಾಡ್ತಾರೆ. ಅದರಲ್ಲಿ ಬಹುಪಾಲು ನಡಿಗೆ, ಜಾಗಿಂಗ್. ಗಂಟೆಗೆ 25 ಕಿ.ಮೀ. ಮೇಲಿನ ನಿಜವಾದ ಸ್ಪ್ರಿಂಟ್ ಸೇರಿಸಿದರೆ ಸಾಮಾನ್ಯವಾಗಿ ಕೆಲವು ನೂರು ಮೀಟರ್ ಅಷ್ಟೇ, ಅದೂ ಎರಡು ಮೂರು ನಾಲ್ಕು ಸೆಕೆಂಡಿನ ತುಂಡು ತುಂಡು. ಸೆಂಟ್ರಲ್ ಹಾಫ್ ಜಾಸ್ತಿ ದೂರ ಓಡ್ತಾನೆ, ವಿಂಗರ್ ಮತ್ತು ಸೈಡ್ ಬ್ಯಾಕ್ ಜಾಸ್ತಿ ಸ್ಪ್ರಿಂಟ್ ಹೊಡೀತಾರೆ, ಸ್ಟಾಪರ್‌ಗೆ ಎರಡೂ ಕಡಿಮೆ. ಮ್ಯಾಚ್ ತೀರ್ಮಾನ ಆಗೋದು ಆ ತುಂಡುಗಳಲ್ಲಿ, ಮತ್ತೆ ಒಂದು ತುಂಡು ಮುಗಿದು ಇನ್ನೊಂದಕ್ಕೆ ಎಷ್ಟು ಬೇಗ ತಯಾರಾಗ್ತೀರಿ ಅನ್ನೋದರಲ್ಲಿ.

400 ಮೀಟರ್ ಟ್ರ್ಯಾಕ್‌ನಲ್ಲಿ ಹದಿನೈದು ರೌಂಡು ಅಂದ್ರೆ 6 ಕಿ.ಮೀ., ಒಂದೇ ವೇಗ, ಒಂದೇ ದಿಕ್ಕು. ಇದರಲ್ಲಿ ಬ್ರೇಕ್ ಹಾಕೋದಿಲ್ಲ, ತಿರುಗೋದಿಲ್ಲ, ನೋಡೋದಿಲ್ಲ, ಯೋಚಿಸೋದಿಲ್ಲ. ಪೂರ್ತಿ ದಂಡ ಅಂತ ಹೇಳ್ತಿಲ್ಲ. ಎರಡು ಸ್ಪ್ರಿಂಟ್ ನಡುವೆ ಸುಧಾರಿಸಿಕೊಳ್ಳೋಕೆ ಉಸಿರಿನ ಬುನಾದಿ ಬೇಕೇಬೇಕು, ಸೀಸನ್ ಶುರುವಾಗೋ ಮೊದಲ ಎರಡು ಮೂರು ವಾರ ಹಾಕಿಸಿ. ವರ್ಷಪೂರ್ತಿ ಅದೇ ಆದರೆ ಮ್ಯಾರಥಾನ್ ತಂಡ ತಯಾರಾಗುತ್ತೆ. ದಮ್ಮು ಅಳೀಬೇಕಂದ್ರೂ ರೌಂಡು ಬೇಡ, ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೋ ರೂಪಿಸಿದ ಯೋ-ಯೋ ಟೆಸ್ಟ್ ಇದೆ. 20 ಮೀಟರ್ ಹೋಗಿ 20 ಮೀಟರ್ ಬರೋದು, 10 ಸೆಕೆಂಡು ಬಿಡುವು, ವೇಗ ಏರ್ತಾ ಹೋಗುತ್ತೆ. ನಾಲ್ಕಾರು ಕೋನ್, ಮೊಬೈಲಲ್ಲಿ ಬೀಪ್ ಆಡಿಯೋ, ಮುಗೀತು.

ಉಳಿದ ದಮ್ಮನ್ನು ಚೆಂಡಿನ ಜತೆಗೇ ಕಟ್ಟಬಹುದು. ಪೂರ್ತಿ ಮೈದಾನ 105×68, ಅಂದ್ರೆ 7,140 ಚದರ ಮೀಟರ್. 22 ಜನರಿಗೆ ಹಂಚಿದರೆ ತಲಾ ಸುಮಾರು 325. ಈ ಒಂದು ಅಂಕಿ ಕೋಚ್ ತಲೆಯಲ್ಲಿ ಇರಲೇಬೇಕು. ನಾಲ್ಕು ನಾಲ್ಕು ಜನರ ಆಟವನ್ನು 30×20ರಲ್ಲಿ ಆಡಿಸಿದರೆ ತಲಾ 75 ಚದರ ಮೀಟರ್. ಅಲ್ಲಿ ಗಕ್ಕನೆ ನಿಲ್ಲೋದು, ತಿರುಗೋದು, ಡಿಕ್ಕಿ ಜಾಸ್ತಿ, ತೊಡೆ ಉರಿಯುತ್ತೆ. 40×30 ಮಾಡಿ, ತಲಾ 150 ಆಯ್ತು, ಈಗ ಓಟ ಉದ್ದವಾಗಿ ಎದೆ ಬಡಿತ ಏರುತ್ತೆ. ನಾಲ್ಕು ನಿಮಿಷ ಆಟ, ಎರಡು ನಿಮಿಷ ಬಿಡುವು, ಹೀಗೆ ನಾಲ್ಕು ಸಲ. ಕೆಲಸ ಕೆಡೋದು ಎಲ್ಲಿ ಅಂದ್ರೆ ಚೆಂಡು ಒಂದೇ ಇದ್ದಾಗ. ಅದು ಗಟಾರಕ್ಕೆ ಹೋಯ್ತು, ಒಬ್ಬ ತರೋಕೆ ಹೋದ, ಉಳಿದ ಏಳು ಜನ ಸೊಂಟದ ಮೇಲೆ ಕೈ ಇಟ್ಟು ನಿಂತರು. ನಾಲ್ಕು ನಿಮಿಷದಲ್ಲಿ ಎರಡು ನಿಮಿಷ ಅಲ್ಲೇ ಹೋಯ್ತು. ಸುತ್ತ ನಾಲ್ಕೈದು ಚೆಂಡು ಇಟ್ಟುಕೊಳ್ಳಿ, ಹೊರಗೆ ಹೋದ ಕೂಡಲೇ ಇನ್ನೊಂದು ಒಳಗೆ.

ಇಲ್ಲೊಂದು ಬಲೆ ಇದೆ. ‘ಮಾಡರ್ನ್ ಕೋಚಿಂಗ್’ ಅಂತ ಬರೀ ಸಣ್ಣ ಅಂಗಳದ ಆಟ ಆಡಿಸೋರೂ ಇದಾರೆ. ತಲಾ 75 ಚದರ ಮೀಟರ್‌ನಲ್ಲಿ ಯಾರೂ ತಮ್ಮ ಪೂರ್ತಿ ವೇಗ ಮುಟ್ಟೋಕಾಗಲ್ಲ, ಅಷ್ಟು ಜಾಗವೇ ಇಲ್ಲ. ತಿಂಗಳುಗಟ್ಟಲೆ ಹೀಗೆ ಆಡಿದ ಹುಡುಗ ಮ್ಯಾಚಲ್ಲಿ ಒಂದು ಥ್ರೂ ಬಾಲ್ ಹಿಂದೆ 35 ಮೀಟರ್ ಬಿಟ್ಟು ಓಡಿದ ತಕ್ಷಣ ತೊಡೆಯ ಹಿಂಭಾಗ ಹಿಡ್ಕೊಂಡು ಕೂತುಬಿಡ್ತಾನೆ. ಹ್ಯಾಮ್‌ಸ್ಟ್ರಿಂಗ್ ಹೋಯ್ತು. ಅದಕ್ಕೆ ವಾರಕ್ಕೆ ಒಂದೆರಡು ದಿನ, ಮೈ ಬಿಸಿಯಾದ ಮೇಲೆ, ದಣಿಯೋ ಮೊದಲು, 30–40 ಮೀಟರ್‌ನ ನಾಲ್ಕರಿಂದ ಆರು ಪೂರ್ತಿ ವೇಗದ ಓಟ. ನಡುವೆ ಎರಡು ಮೂರು ನಿಮಿಷ ಬಿಡುವು ಕಡ್ಡಾಯ, ಬಿಡುವು ಕಡಿಮೆ ಆದರೆ ಅದು ವೇಗದ ಅಭ್ಯಾಸ ಅನ್ನಿಸಿಕೊಳ್ಳಲ್ಲ. ಜತೆಗೆ ನಾರ್ಡಿಕ್: ಮಂಡಿಯೂರಿ, ಹಿಂದಿನಿಂದ ಗೆಳೆಯ ಹಿಮ್ಮಡಿ ಒತ್ತಿ ಹಿಡಿದಿರಬೇಕು, ಬೆನ್ನು ಬಗ್ಗಿಸದೆ ನಿಧಾನಕ್ಕೆ ಮುಂದಕ್ಕೆ ವಾಲಬೇಕು. ಐದೈದರ ಎರಡು ಸೆಟ್‌ನಿಂದ ಶುರು ಮಾಡಿ. ಮೊದಲ ವಾರ ನೋವು ಬರುತ್ತೆ, ಅದಕ್ಕೇ ಮ್ಯಾಚ್ ಹಿಂದಿನ ದಿನ ಮಾಡಿಸಬಾರದು. ವಾರ್ಮಪ್‌ಗೆ ಫಿಫಾ 11+ ಇದೆ, 20 ನಿಮಿಷ, 15 ವ್ಯಾಯಾಮ, ಕೋನ್ ಮತ್ತು ಚೆಂಡು ಬಿಟ್ಟರೆ ಯಾವ ಸಾಮಾನೂ ಬೇಡ.

ಭಾನುವಾರ ಮ್ಯಾಚ್ ಇದ್ದರೆ ವಾರ ಹೀಗೆ: ಸೋಮವಾರ ಹಗುರ ಓಡಾಟ, ಮಂಗಳವಾರ ರಜೆ, ಬುಧವಾರ ಸಣ್ಣ ಅಂಗಳ, ಗುರುವಾರ ದೊಡ್ಡ ಅಂಗಳ ಮತ್ತು ತಂತ್ರ, ಶುಕ್ರವಾರ ವೇಗ, ಶನಿವಾರ ಅರ್ಧ ಗಂಟೆ ಸೆಟ್ ಪೀಸ್ (ಕಾರ್ನರ್, ಫ್ರೀ ಕಿಕ್). ಪೋರ್ಚುಗಲ್‌ನ ವಿತೋರ್ ಫ್ರಾಡೆ ಇದನ್ನು ದೊಡ್ಡ ಸಿದ್ಧಾಂತವಾಗಿಯೇ ಕಟ್ಟಿದ್ದಾರೆ. ಫಿಟ್‌ನೆಸ್‌ಗೊಂದು ದಿನ, ತಂತ್ರಕ್ಕೊಂದು ದಿನ ಅಂತ ಬೇರೆ ಮಾಡಬೇಡಿ ಅನ್ನೋದು ಅದರ ತಿರುಳು. ಶನಿವಾರ ಸಂಜೆ ‘ಬೆವರು ಬರ್ಲಿ’ ಅಂತ ಓಡಿಸೋ ಚಾಳಿ ಮಾತ್ರ ದಯವಿಟ್ಟು ಬಿಡಿ.

ಬೆವರಿನ ಮಾತು ಬಂದಿದ್ದಕ್ಕೆ ಹೇಳ್ತೀನಿ, ನಮ್ಮ ಬಳ್ಳಾರಿ ರಾಯಚೂರು ಬಿಸಿಲಲ್ಲಿ ಯುರೋಪಿನ ಪ್ರೆಸ್ ಹಾಗೇ ನಕಲು ಮಾಡೋದು ದಡ್ಡತನ. ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟುತ್ತೆ. ಬಿಸಿಗೆ ಮೈ ಒಗ್ಗೋಕೆ 10ರಿಂದ 14 ದಿನ ಬೇಕು. ತೂಕದ ಯಂತ್ರ ಒಂದು ಸಾಕು: ಆಟಕ್ಕೆ ಮುಂಚೆ, ಆಟ ಆದ ಮೇಲೆ ತೂಗಿ. 60 ಕೆ.ಜಿ. ಹುಡುಗ 1.2 ಕೆ.ಜಿ. ಕಳ್ಕೊಂಡರೆ ಅದು ಮೈತೂಕದ ಶೇ. 2, ಅಲ್ಲಿಂದ ಮುಂದೆ ಓಟವೂ ತೀರ್ಮಾನವೂ ಮಂದವಾಗುತ್ತೆ. ಕಳ್ಕೊಂಡ ಪ್ರತಿ ಕೆ.ಜಿ.ಗೆ ಒಂದೂಕಾಲರಿಂದ ಒಂದೂವರೆ ಲೀಟರ್ ಕುಡೀಬೇಕು, ಒಂದೇ ಗುಕ್ಕಿಗಲ್ಲ, ಉಪ್ಪು ಸೇರಿಸಿ. ಮತ್ತೆ ಮ್ಯಾಚ್ ದಿನ ಬೆಳಿಗ್ಗೆ ಒಗ್ಗರಣಿ ಮಿರ್ಚಿ ಬೇಡ. ನನಗೂ ಅದು ಪಂಚಪ್ರಾಣ, ಆದರೆ ಎಣ್ಣೆ ಹೊಟ್ಟೆಯಲ್ಲೇ ಕೂತಿರುತ್ತೆ. ಮೂರು ನಾಲ್ಕು ಗಂಟೆ ಮುಂಚೆ ಮುನ್ನೂರು ನಾನೂರು ಗ್ರಾಂ ಅನ್ನ, ತಿಳಿ ಸಾರು ಅಥವಾ ಮೊಸರು, ಒಂದು ಬಾಳೆಹಣ್ಣು. ಗಂಗಾವತಿ ಸೋನಾ ಮಸೂರಿ ಮನೆಯಲ್ಲೇ ಇರುವಾಗ ವಿದೇಶಿ ಪಾಸ್ತಾ ಯಾಕೆ?

ಕಾಲಲ್ಲಿ ಎಷ್ಟು ಇದೆಯೋ ಅಷ್ಟಕ್ಕೆ ತಕ್ಕ ತಂತ್ರ ಆರಿಸಿಕೊಳ್ಳೋದು ಹೇಡಿತನ ಅಲ್ಲ. ಇಂಗ್ಲೆಂಡಿನ ಲೆಸ್ಟರ್ ಸಿಟಿ 2015–16ರಲ್ಲಿ ಪ್ರೀಮಿಯರ್ ಲೀಗ್ ಗೆದ್ದಿದ್ದು ಚೆಂಡನ್ನು ಎದುರಾಳಿಗೇ ಬಿಟ್ಟು, ತಮ್ಮ ಅರ್ಧದಲ್ಲಿ ಒತ್ತಾಗಿ ನಿಂತು, ಸಿಕ್ಕ ಕೂಡಲೇ ಫಾರ್ವರ್ಡ್ ಜೇಮಿ ವಾರ್ಡಿ ಓಟಕ್ಕೆ ಉದ್ದ ಪಾಸ್ ಕೊಟ್ಟು. ನಮ್ಮ ಬಿಸಿಲಲ್ಲಿ ಮೊದಲ 15 ನಿಮಿಷ ಮೇಲೆ ಹೋಗಿ ಪ್ರೆಸ್, ಆಮೇಲೆ ನಡು ಗೆರೆಯ ಹತ್ತಿರ ಒತ್ತಾಗಿ ನಿಲ್ಲೋ ಬ್ಲಾಕ್, ಹಾಫ್‌ಟೈಮ್ ಆದ ಮೇಲೆ ಮತ್ತೆ ಹತ್ತು ನಿಮಿಷ ಪ್ರೆಸ್, ಇಷ್ಟು ಸಾಕು. ಈಗ ಐದು ಸಬ್‌ಸ್ಟಿಟ್ಯೂಟ್ ಇದಾರೆ. 60ನೇ ನಿಮಿಷಕ್ಕೆ ಇಬ್ಬರೂ ವಿಂಗರ್‌ಗಳನ್ನು ಬದಲಾಯಿಸಿ, ಅವರು ಕುಸಿಯೋವರೆಗೆ ಕಾಯಬೇಡಿ.

ತಲೆ ಕೆಲಸ ಮಾಡಿದರೆ ಕಾಲು ಎಷ್ಟು ಉಳಿಯುತ್ತೆ ಅನ್ನೋದಕ್ಕೆ ಸುನಿಲ್ ಛೆಟ್ರಿ ಇದಾರೆ. ಬೆಂಗಳೂರು ಎಫ್‌ಸಿ ಪರ 2024–25ರ ಐಎಸ್‌ಎಲ್‌ನಲ್ಲಿ 40ನೇ ವಯಸ್ಸಿಗೆ 14 ಗೋಲು. ಅದೇ ಕ್ಲಬ್ಬಿನ ಹುಡುಗರು ಬೆಳೆಯೋದು ನಮ್ಮ ಬಳ್ಳಾರಿ ಜಿಲ್ಲೆಯ ವಿಜಯನಗರ ಟೌನ್‌ಶಿಪ್‌ನಲ್ಲೇ, ತೋರಣಗಲ್ಲು ಪಕ್ಕ, 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ಇನ್ನೂ ಹಿಂದೆ ಹೋದರೆ ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮ್. ರಾಯಚೂರು, ಕೊಪ್ಪಳ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲದಲ್ಲೇ ಡ್ರಿಬಲ್ ಮಾಡಲೇಬಾರದು ಅನ್ನೋ ನಿಯಮದ ಟೂರ್ನಮೆಂಟ್ ನಡೆಸಿದವರು. ಪಾಸ್ ಕೊಡು, ಜಾಗಕ್ಕೆ ಓಡು, ಅಷ್ಟೇ. ಅವರ ಕೋಚಿಂಗ್‌ನಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿತು.

ಪ್ರೊ ತಂಡಗಳಲ್ಲಿ ಬೆನ್ನಿನ ರೆಕ್ಕೆಮೂಳೆಗಳ ನಡುವೆ ಜಿಪಿಎಸ್ ಕಟ್ಟಿ ಎಲ್ಲಾ ಅಳೀತಾರೆ. ನಮಗೆ ಮೊಬೈಲ್ ಸಾಕು. ಪಕ್ಕದ ಕಟ್ಟಡದ ಎರಡನೇ ಮಹಡಿಯಿಂದ ಮ್ಯಾಚ್ ಪೂರ್ತಿ ವಿಡಿಯೋ ಮಾಡಿ. ಮೊದಲ 15 ನಿಮಿಷದಿಂದ ಐದು, ಕೊನೆಯ 15 ನಿಮಿಷದಿಂದ ಐದು ಕಡೆ ನಿಲ್ಲಿಸಿ: ನಮ್ಮ ಫಾರ್ವರ್ಡ್ ಪ್ರೆಸ್‌ಗೆ ಹೊರಟ ಕ್ಷಣ. ಅಳತೆಗೆ ಸುಣ್ಣದ ಗೆರೆಗಳೇ ಇವೆ. ಪೆನಾಲ್ಟಿ ಬಾಕ್ಸ್ ಆಳ 16.5 ಮೀಟರ್, ನಡುವಿನ ವೃತ್ತದ ಅಡ್ಡಗಲ 18.3. ಫಾರ್ವರ್ಡ್‌ನಿಂದ ಕೊನೆಯ ಸ್ಟಾಪರ್‌ವರೆಗೆ ಎಷ್ಟಿದೆ? ಶುರುವಿನಲ್ಲಿ 35 ಇದ್ದು ಕೊನೆಗೆ 55 ಆಗಿದ್ದರೆ, ಹಿಂದೆ ಜಗ್ಗಿದವರು ಯಾರು ಅಂತ ನೋಡಿ. ಸಾಮಾನ್ಯವಾಗಿ ಸ್ಟಾಪರ್‌ಗಳೇ. ಅವರು ಮೇಲೆ ಬರಲ್ಲ, ಬೆನ್ನ ಹಿಂದೆ ಚೆಂಡು ಬೀಳುತ್ತೆ ಅನ್ನೋ ಭಯ. ಆ ಭಯ ಯಾಕೆ ಅಂತ ಅದೇ ಚಿತ್ರದಲ್ಲಿ ಇನ್ನೂ ಹಿಂದೆ ನೋಡಿ, ಗೋಲಿ ತನ್ನ ಗೆರೆ ಮೇಲೇ ಕಂಬಕ್ಕೆ ಒರಗಿ ನಿಂತಿರ್ತಾನೆ. ಮೊದಲು ಅವನನ್ನ ಬಾಕ್ಸ್ ತುದಿಗೆ ಕರೀರಿ. ಆಮೇಲೂ ವಿಂಗರ್ ತಡವಾದರೆ ಬೇಕಾದಷ್ಟು ರೌಂಡು ಹೊಡೆಸ್ರಿ.