ಗುಕೇಶ್ ಸೋತ ಶನಿವಾರ

2025ರ ನವೆಂಬರ್ 8, ಶನಿವಾರ. ಮರುದಿನ ನಸುಕಿನಲ್ಲಿ ಗೋವಾಕ್ಕೆ ಹೊರಡಬೇಕು ಅಂತ ನಮ್ಮ ಮನೆಯಲ್ಲಿ ಗಡಿಬಿಡಿ. ಚೆಸ್ ವಿಶ್ವಕಪ್ ಅಲ್ಲೇ ನಡೆದಿತ್ತು. ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟ್ ಇಳಿದರೆ ಆಯ್ತು, ಮೂರು ತಾಸಿನ ಹಾದಿ. ಒಳಗೆ ಬಿಡ್ತಾರೋ ಇಲ್ವೋ ಗೊತ್ತಿರಲಿಲ್ಲ. ಬಿಡದಿದ್ದರೆ ಗೇಟಿನ ಹೊರಗೆ ನಿಲ್ಲೋಣ, ಕಾರಿಂದ ಇಳಿಯುವಾಗಾದರೂ ವಿಶ್ವ ಚಾಂಪಿಯನ್ ಗುಕೇಶ್ ಕಾಣಿಸ್ತಾನೆ ಅನ್ನೋದು ನನ್ನ ತಂಗಿಯ ಮಗಳ ಲೆಕ್ಕ. ಹನ್ನೊಂದು ವರ್ಷ ಅವಳಿಗೆ. ಮನೆಯಲ್ಲಿ ಎಲ್ಲರೂ ಅಕ್ಕವ್ವ ಅಂತ ಕರೀತೀವಿ. ಗುಕೇಶ್ ಸಹಿ ಹಾಕಲಿ ಅಂತ ತನ್ನ ಹಳೇ ಸುರುಳಿ ಬೋರ್ಡನ್ನು ಸೋಪು ಹಚ್ಚಿ ತೊಳೆದು ಒಣಗಿಸಿಟ್ಟಿದ್ದಳು.

ಸಂಜೆ ಫೋನ್ ನೋಡಿದರೆ ಗುಕೇಶ್ ಮೂರನೇ ಸುತ್ತಿನಲ್ಲೇ ಹೊರಗೆ. ಜರ್ಮನಿಯ ಫ್ರೆಡರಿಕ್ ಸ್ವಾನೆ ಸೋಲಿಸಿದ್ದ.

ಸ್ವಲ್ಪ ಹೊತ್ತಿಗೆ ನಮ್ಮ ಶಾಲೆ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಬರೆದ: "ಮುಗೀತ್ ನೋಡ್ರಿಪಾ ಅವಂದು. ಲಕ್ ಮ್ಯಾಲೆ ಚಾಂಪಿಯನ್ ಆದಾಂವ ಎಷ್ಟ್ ದಿನಾ ನಡೀತಾನ?" ಈ ಗೆಳೆಯ 2024ರ ಡಿಸೆಂಬರಿನಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕೆ ಗುಕೇಶ್ ಎದುರು ಆಡ್ತಿದ್ದ ಚೀನಾದ ಡಿಂಗ್ ಲಿರೆನ್ ಗೆಲ್ತಾನೆ ಅಂತ ನನ್ನ ಜೊತೆ ಒಂದು ಕಿಲೋ ಕುಂದಾ ಪಣ ಕಟ್ಟಿ ಸೋತವನು. ಅಲ್ಲೇ ಉತ್ತರ ಕೊಟ್ಟಿದ್ದರೆ ಜಗಳ ಆಗ್ತಿತ್ತು. ಅದಕ್ಕೇ ಇಲ್ಲಿ, ನಿಧಾನಕ್ಕೆ ಬರೀತಿದ್ದೀನಿ.

ಮೊದಲು ಈ ಲಕ್ಕಿನ ಮಾತು.

ಸಿಂಗಪುರದಲ್ಲಿ 2024ರ ಡಿಸೆಂಬರ್ 12ರಂದು ನಡೆದ ಆ ಪಂದ್ಯದ ಹದಿನಾಲ್ಕನೇ ಆಟವನ್ನು ನಾನು ಅಂಗಡಿಯ ಗಲ್ಲಾದಲ್ಲಿ ಕೂತು ಮೊಬೈಲಿನಲ್ಲಿ ನೋಡಿದೆ. ಹದಿಮೂರು ಆಟ ಮುಗಿದು ಇಬ್ಬರಿಗೂ ಆರೂವರೆ ಆರೂವರೆ ಪಾಯಿಂಟ್. ಈ ಆಟವೂ ಡ್ರಾ ಆದರೆ ಮರುದಿನ ಕಡಿಮೆ ಸಮಯದ ಆಟಗಳು. ಅದರಲ್ಲಿ ಡಿಂಗ್ ಬಲಶಾಲಿ ಅಂತ ಎಲ್ಲರ ಅಂದಾಜು. ಬೋರ್ಡಿನ ಮೇಲೆ ಇಬ್ಬರಿಗೂ ಒಂದೊಂದು ಆನೆ, ಒಂದೊಂದು ಒಂಟೆ. ಗುಕೇಶನ ಕಡೆ ಒಂದೇ ಒಂದು ಪ್ಯಾದೆ ಹೆಚ್ಚು, ಅದೂ ಪ್ಯಾದೆಗಳೆಲ್ಲ ಬೋರ್ಡಿನ ಒಂದೇ ಬದಿಗೆ. ಆಟ ಬಲ್ಲವರೆಲ್ಲ ಡ್ರಾ ಅಂತ ಬರೆದಿಟ್ಟಿದ್ದರು. ಗುಕೇಶ್ ಮಾತ್ರ ಬಿಡಲಿಲ್ಲ. ಆನೆ ಆ ಕಡೆ, ಈ ಕಡೆ. ಒಂಟೆ ಒಂದು ಮನೆ ಮುಂದೆ, ಒಂದು ಮನೆ ಹಿಂದೆ. ಸುಮ್ನೆ ಕಾಲಹರಣ ಅನ್ನಿಸುವಂಥ ನಡೆಗಳು.

55ನೇ ನಡೆಯಲ್ಲಿ ಡಿಂಗ್ ತನ್ನ ಆನೆಯನ್ನು ಗುಕೇಶನ ಆನೆಗೆ ಎದುರಾಗಿ ತಂದಿಟ್ಟರು. ಆನೆಗೆ ಆನೆ ಹೋಯ್ತು. ಡಿಂಗ್ ಒಂಟೆ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು, ಅದನ್ನೂ ಗುಕೇಶ್ ಅದಲು ಬದಲು ಮಾಡಿ ತೆಗೆಸಿಬಿಟ್ಟ. ಉಳಿದದ್ದು ಬರೀ ರಾಜರು ಮತ್ತು ಪ್ಯಾದೆಗಳು. ಅಲ್ಲಿ ಒಂದು ಪ್ಯಾದೆ ಹೆಚ್ಚು ಅಂದರೆ ಗೆಲುವೇ. ಆ ತಪ್ಪು ನಡೆಯಾದ ಮೂರು ನಡೆಯಲ್ಲಿ ಡಿಂಗ್ ಸೋಲೊಪ್ಪಿಕೊಂಡರು. ಏಳೂವರೆ, ಆರೂವರೆ. ಹದಿನೆಂಟು ವರ್ಷದ ಹುಡುಗ ವಿಶ್ವ ಚಾಂಪಿಯನ್. ಕ್ಯಾಸ್ಪರೋವ್ 1985ರಲ್ಲಿ ಗೆದ್ದಾಗ ಇಪ್ಪತ್ತೆರಡು.

ಅದನ್ನು ಲಕ್ ಅಂತೀರಾ? ನಮ್ಮ ಆನಂದವಾಡಿ ಅಖಾಡದಲ್ಲಿ ಕುಸ್ತಿ ನೋಡಿದವರು ಹಾಗೆ ಅನ್ನಬಾರದು. ನಿಕಾಲಿ ಕುಸ್ತಿ ಅಂದರೆ ಒಬ್ಬ ಚಿತ್ ಆಗುವ ತನಕ ಬಿಡದ ಕುಸ್ತಿ, ಅಲ್ಲಿ ಇಬ್ಬರೂ ಸಮಬಲದ ಪೈಲ್ವಾನರು. ಎಷ್ಟೋ ಹೊತ್ತು ಒಬ್ಬರ ಕತ್ತಿನ ಮೇಲೆ ಒಬ್ಬರು ಕೈ ಹಾಕಿ ನಿಂತೇ ಇರ್ತಾರೆ. ಹೊಸಬರಿಗೆ ಬೇಜಾರು. ಕೊನೆಗೆ ಒಬ್ಬನ ಕಾಲು ಒಂದು ಕ್ಷಣ ಸಡಿಲ ಆಗುತ್ತೆ, ಇನ್ನೊಬ್ಬ ಚಿತ್ ಮಾಡ್ತಾನೆ. ಅವನ ಕಾಲು ಜಾರಿತು, ಇವನ ನಸೀಬು ಅಂತ ಅಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಕಾಲು ಜಾರುವ ತನಕ ಹಿಡಿದು ನಿಂತದ್ದೇ ಕುಸ್ತಿ. ಆ ಪಂದ್ಯದುದ್ದಕ್ಕೂ ಗುಕೇಶ್ ಇದನ್ನೇ ಮಾಡಿದ. ಬೇರೆಯವರಾಗಿದ್ದರೆ ಕೈ ಕುಲುಕಿ ಊಟಕ್ಕೆ ಹೋಗ್ತಿದ್ದ ಕಡೆ ಕೂಡ ಇನ್ನೊಂದು ನಡೆ ಆಡೋಣ ಅಂತ ಕೂತ.

ಇನ್ನೊಂದು ನೆನಪು ಉಳಿದಿದೆ. ಡಿಂಗ್ ಎದ್ದು ಹೋದ ಮೇಲೆ ಹುಡುಗ ಅಳುತ್ತಿದ್ದ. ಅಳುತ್ತಲೇ ಎಲ್ಲ ಕಾಯಿಗಳನ್ನೂ ಮತ್ತೆ ಅವುಗಳ ಮನೆಯಲ್ಲಿ ಜೋಡಿಸಿಟ್ಟ. ಅದು ಅವನ ರೂಢಿಯಂತೆ. ಅಕ್ಕವ್ವನದು ಬೇರೆ ರೂಢಿ. ಸೋತಳು ಅಂದರೆ ಕಾಯಿಗಳನ್ನೆಲ್ಲ ಅಂಗೈಯಿಂದ ಬಾಚಿ ಚೀಲಕ್ಕೆ ತುಂಬಿ ಎದ್ದು ಹೋಗ್ತಾಳೆ.

ಈಗ ಮುಗೀತು ಅನ್ನುವ ಮಾತಿಗೆ ಬರೋಣ. ಇದು ನನಗೆ ಜಾಸ್ತಿ ಸಿಟ್ಟು ತರಿಸಿದ್ದು. ಯಾಕಂದರೆ ಗುಕೇಶನ ಬಗ್ಗೆ ಈ ಮಾತು ಮೊದಲ ಸಲ ಬಂದದ್ದಲ್ಲ. 2023ರ ಕೊನೆಯಲ್ಲೂ ಇದನ್ನೇ ಅಂದಿದ್ದರು. ಆಗ ಅವನ ಆಟ ಕೆಟ್ಟಿತ್ತು. ಕ್ಯಾಂಡಿಡೇಟ್ಸ್ ಟೂರ್ನಿಗೆ, ಅಂದರೆ ವಿಶ್ವ ಚಾಂಪಿಯನ್ನನ ಎದುರು ಕೂರುವವನನ್ನು ಆರಿಸುವ ಟೂರ್ನಿಗೆ, ಜಾಗ ಸಿಗುವುದೇ ಅನುಮಾನ ಇತ್ತು. ಡಿಸೆಂಬರಿನಲ್ಲಿ ಚೆನ್ನೈನಲ್ಲಿ ತಮಿಳುನಾಡು ಸರ್ಕಾರದ ಬೆಂಬಲದಿಂದ ಅವಸರವಾಗಿ ಒಂದು ದೊಡ್ಡ ಟೂರ್ನಿ ಏರ್ಪಾಡಾಯಿತು. ಗುಕೇಶ್ ಗೆದ್ದ, ಬೇಕಿದ್ದ ಪಾಯಿಂಟ್ ಸಿಕ್ಕವು. ನಾಲ್ಕು ತಿಂಗಳಿಗೆ ಟೊರಾಂಟೊದಲ್ಲಿ ಕ್ಯಾಂಡಿಡೇಟ್ಸನ್ನೇ ಗೆದ್ದುಬಿಟ್ಟ. ಹದಿನೇಳು ವರ್ಷ ಆಗ.

ಟೊರಾಂಟೊದಲ್ಲೂ ಒಂದು ಸೋಲಿದೆ. ಏಳನೇ ಸುತ್ತಿನಲ್ಲಿ ಅಲಿರೆಜಾ ಫಿರೂಜಾ ಎದುರು ಚೆನ್ನಾಗಿದ್ದ ಆಟವನ್ನು ಗಡಿಯಾರ ನೋಡ್ತಾ ನೋಡ್ತಾ ಕಳೆದುಕೊಂಡ. ಹದಿನಾಲ್ಕು ಆಟದಲ್ಲಿ ಸೋತದ್ದು ಅದೊಂದೇ. ಮರುದಿನ ಬಿಡುವು. ಆ ಬಿಡುವಿನ ದಿನವೇ ತನಗೆ ಗೆಲ್ಲಬಹುದು ಅನ್ನಿಸಿತು ಅಂತ ಆಮೇಲೆ ಅವನೇ ಹೇಳಿದ. ಸೋತ ಮರುದಿನ! ನಮ್ಮ ಮನೆಯಲ್ಲಿ ಸೋತ ಮರುದಿನ ಏನೇನಾಗುತ್ತೆ ಅಂತ ನನಗೆ ಗೊತ್ತಿದೆ, ಬಿಡಿ.

ಹೇಳಿಯೇ ಬಿಡ್ತೀನಿ. ಎರಡು ವರ್ಷದಿಂದ ಅಕ್ಕವ್ವನನ್ನು ಟೂರ್ನಮೆಂಟಿಗೆ ಕರಕೊಂಡು ಹೋಗುವ ಕೆಲಸ ನನ್ನದು. ಅವಳಪ್ಪನಿಗೆ ರಜೆ ಸಿಗಲ್ಲ, ನನಗೆ ಅಂಗಡಿ ಮುಚ್ಚುವುದು ಸುಲಭ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಶೇಂಗಾ ಹೋಳಿಗೆ, ಚಪಾತಿ, ಚಟ್ನಿಪುಡಿ ಡಬ್ಬಿ. ಒಂದು ಸಲ ಕಲ್ಯಾಣ ಮಂಟಪವೊಂದರಲ್ಲಿ ಇಟ್ಟಿದ್ದರು, ಫ್ಯಾನ್ ಕೆಟ್ಟಿದ್ದವು, ಮಕ್ಕಳು ಬೆವರಿ ಹಣ್ಣಾಗಿದ್ದವು. ನಾವು ಪಾಲಕರು ಹೊರಗೆ ಚಪ್ಪಲಿ ಪಕ್ಕ ಕೂತು, ಬಾಗಿಲು ತೆರೆದಾಗಲೆಲ್ಲ ಮಕ್ಕಳ ಮುಖ ನೋಡಿ ಸೋಲು ಗೆಲುವು ಲೆಕ್ಕ ಹಾಕ್ತಿದ್ದೆವು. ಒಬ್ಬ ತಂದೆ ಸೋತು ಬಂದ ಎಂಟು ವರ್ಷದ ಮಗನಿಗೆ ಎಲ್ಲರೆದುರು ಕೆನ್ನೆಗೆ ಹೊಡೆದ. ನಾನು ಏನೂ ಅನ್ನಲಿಲ್ಲ. ಅನ್ನಬೇಕಿತ್ತು.

ಆ ಟೂರ್ನಮೆಂಟಿನಲ್ಲಿ ಅಕ್ಕವ್ವ 62 ರೇಟಿಂಗ್ ಪಾಯಿಂಟ್ ಕಳೆದಳು. ರೇಟಿಂಗ್ ಅಂದರೆ ಆಟಗಾರರ ಬಲ ಅಳೆಯುವ ಅಂಕ. ಇದರ ಲೆಕ್ಕ ಹೀಗೆ. ಹದಿನೆಂಟರೊಳಗಿನ, 2300 ದಾಟದ ಮಕ್ಕಳಿಗೆ ತಮ್ಮ ಸರಿಸಮ ರೇಟಿಂಗಿನವರ ಎದುರು ಒಂದು ಆಟ ಸೋತರೆ 20 ಪಾಯಿಂಟ್ ಹೋಗುತ್ತೆ. ಗುಕೇಶನಂಥವರಿಗೆ ಅದೇ ಸೋಲಿಗೆ 5. ಮಕ್ಕಳು ಬೇಗ ಏರಲಿ ಅಂತ ಮಾಡಿದ ಲೆಕ್ಕ, ಸರಿ. ಆದರೆ ಇಳಿಯುವುದೂ ಅಷ್ಟೇ ಬೇಗ. ವಾಪಸ್ ಬರುವಾಗ ರೈಲಿನ ಮೇಲಿನ ಬರ್ತಿನಿಂದ ಅವಳು ಕೇಳಿದಳು, "ಮಾಮಾ, ಟಿಕೀಟಿಗೆ ಎಷ್ಟಾತು?" ನನಗೆ ಗಂಟಲು ಕಟ್ಟಿತು. ಹನ್ನೊಂದರ ಹುಡುಗಿ ಸೋಲನ್ನು ರೂಪಾಯಿಗೆ ಬದಲಿಸಿ ನೋಡ್ತಿದ್ದಾಳೆ. ಅವಳಿಗೆ ಅದನ್ನು ಕಲಿಸಿದವರು ನಾವೇ, ಅಲ್ವಾ?

ಅದಕ್ಕೇ ನನಗೆ ಗುಕೇಶನ ಕತೆಯಲ್ಲಿ ಸಿಂಗಪುರಕ್ಕಿಂತ ಅದರ ಹಿಂದಿನ ವರ್ಷಗಳ ಮೇಲೆ ಕಣ್ಣು. ತಂದೆ ರಜನೀಕಾಂತ್ ಕಿವಿ, ಮೂಗು, ಗಂಟಲಿನ ಸರ್ಜನ್. ತಾಯಿ ಪದ್ಮಾ ಮೈಕ್ರೋಬಯಾಲಜಿ ಓದಿದವರು. ಹುಡುಗ ನಾಲ್ಕನೇ ಇಯತ್ತೆ ಮುಗಿಸಿದ ಮೇಲೆ ದಿನಾ ಶಾಲೆಗೆ ಹೋಗುವುದನ್ನು ಬಿಡಿಸಿದರು. ಆಮೇಲೆ ತಂದೆ ತಮ್ಮ ಪ್ರಾಕ್ಟೀಸನ್ನೇ ನಿಲ್ಲಿಸಿ ಅವನ ಹಿಂದೆ ದೇಶ ದೇಶ ಸುತ್ತಿದರು. ಮನೆ ನಡೆಸಿದ್ದು ತಾಯಿಯ ಸಂಬಳ. ಗೆಳೆಯರು ದುಡ್ಡು ಹಾಕಿದರು. ಡಾಕ್ಟರ್ ಮನೆಯಲ್ಲೇ ಹೀಗೆ ಅಂದರೆ ಉಳಿದವರ ಪಾಡೇನು?

ದೇಶ ಸುತ್ತುವುದು ಶೋಕಿಗಲ್ಲ. ಗ್ರ್ಯಾಂಡ್‌ಮಾಸ್ಟರ್, ಅಂದರೆ ಚೆಸ್ಸಿನ ಅತಿ ದೊಡ್ಡ ಪಟ್ಟ, ಸಿಗಲು ರೇಟಿಂಗ್ 2500 ಮುಟ್ಟಬೇಕು, ಜೊತೆಗೆ ಮೂರು ನಾರ್ಮ್ ಬೇಕು. ಒಂದು ನಾರ್ಮ್ ಅಂದರೆ ಸಾಮಾನ್ಯವಾಗಿ ಒಂಬತ್ತು ಆಟದ ಟೂರ್ನಿಯಲ್ಲಿ 2600ರ ಮಟ್ಟದ ಆಟ. ಎದುರಾಳಿಗಳಲ್ಲಿ ಕನಿಷ್ಠ ಮೂವರು ಗ್ರ್ಯಾಂಡ್‌ಮಾಸ್ಟರ್ ಇರಬೇಕು, ಬೇರೆ ದೇಶದವರೂ ಇರಬೇಕು. ಮನೆ ಮುಂದೆ ಇವರೆಲ್ಲ ಸಿಗ್ತಾರಾ? ಎಷ್ಟೋ ಸಲ ಎಂಟು ಸುತ್ತು ಚೆನ್ನಾಗಿ ಆಡಿ ಒಂಬತ್ತನೆಯದರಲ್ಲಿ ಸೋತು ನಾರ್ಮ್ ಕೈತಪ್ಪುತ್ತೆ. ಆಮೇಲೆ ಮತ್ತೆ ವೀಸಾ, ಮತ್ತೆ ವಿಮಾನ.

ಗುಕೇಶನಿಗೆ 2019ರ ಜನವರಿ 15ರಂದು ದೆಹಲಿಯಲ್ಲಿ ಅದು ಪೂರ್ತಿಯಾಯಿತು. ವಯಸ್ಸು 12 ವರ್ಷ, 7 ತಿಂಗಳು, 17 ದಿನ. ಅತಿ ಚಿಕ್ಕ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಆದ ಆಗಿನ ದಾಖಲೆ ಸರ್ಗೇಯ್ ಕರ್ಯಾಕಿನ್ ಅವರದು, ಸರಿಯಾಗಿ 12 ವರ್ಷ 7 ತಿಂಗಳು. ಹದಿನೇಳು ದಿನಕ್ಕೆ ತಪ್ಪಿತು. ಆಗ ಪೇಪರಿನಲ್ಲೆಲ್ಲ ಈ ಹದಿನೇಳು ದಿನದ್ದೇ ಸುದ್ದಿ. 2021ರಲ್ಲಿ ಅಮೆರಿಕದ ಅಭಿಮನ್ಯು ಮಿಶ್ರಾ ಇನ್ನೂ ಎರಡು ತಿಂಗಳು ಚಿಕ್ಕ ವಯಸ್ಸಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದ. ಈಗ ಆ ಹದಿನೇಳು ದಿನ ಯಾರಿಗೂ ಬೇಡ. ತಮಾಷೆ ಅಂದರೆ, 2025ರ ಸೆಪ್ಟೆಂಬರಿನಲ್ಲಿ ಉಜ್ಬೇಕಿಸ್ತಾನದ ಸಮರಕಂದದ ಟೂರ್ನಿಯಲ್ಲಿ ಗುಕೇಶ್ ಸಾಲಾಗಿ ಮೂರು ಆಟ ಸೋತಾಗ ಅದರಲ್ಲಿ ಒಂದನ್ನು ಗೆದ್ದವನು ಇದೇ ಮಿಶ್ರಾ.

ಹೌದು, ಚಾಂಪಿಯನ್ ಆದ ಮೇಲಿನ ವರ್ಷ ಅವನಿಗೆ ಕಷ್ಟದ್ದೇ. ಇಲ್ಲ ಅನ್ನಲ್ಲ. ನೆದರ್‌ಲೆಂಡ್ಸಿನ ವೈಕ್ ಆನ್ ಜೀ ಟೂರ್ನಿಯ ಟೈಬ್ರೇಕಿನಲ್ಲಿ ಪ್ರಜ್ಞಾನಂದನಿಗೆ ಸೋತ. ಸಮರಕಂದದ್ದು ಆಯಿತು, ಗೋವಾದ್ದೂ ಆಯಿತು. ಆದರೆ ಅದೇ ವರ್ಷ ಜೂನ್ 1ರಂದು ನಾರ್ವೆಯಲ್ಲಿ, ಮಾಜಿ ವಿಶ್ವ ಚಾಂಪಿಯನ್ ಕಾರ್ಲ್‌ಸನ್ ದೇಶದಲ್ಲೇ, ಸೋಲುತ್ತಿದ್ದ ಆಟವನ್ನು ತಿರುಗಿಸಿ ಅವರನ್ನೇ ಸೋಲಿಸಿದ್ದ. ಕಾರ್ಲ್‌ಸನ್ ಮೇಜು ಗುದ್ದಿದ್ದನ್ನು ನಮ್ಮ ಗುಂಪಿನಲ್ಲಿ ಹತ್ತು ಸಲ ಕಳಿಸಿದ್ದೀರಿ. ಆಗ "ಮುಗೀತು" ಎಲ್ಲಿತ್ತು? ಆಗಿನ್ನೂ ಇಪ್ಪತ್ತೂ ತುಂಬದ ಹುಡುಗ. ಈ ವಯಸ್ಸಿನಲ್ಲಿ ನಾವು ಗೋಗಟೆ ಸರ್ಕಲ್ ಹತ್ತಿರ ಚಹಾ ಕುಡೀತಾ ಯಾವ ವಿಷಯದಲ್ಲಿ ಫೇಲಾದೆವು ಅಂತ ಲೆಕ್ಕ ಹಾಕ್ತಿದ್ದೆವು.

ಚಿಕ್ಕವಯಸ್ಸಿನ ಆಟಗಾರನ ಬದುಕು ಏಣಿಯಲ್ಲ. ನಮ್ಮ ಕಡೆಯ ಮಳೆ ಇದ್ದ ಹಾಗೆ. ಒಂದು ವರ್ಷ ಕೆರೆ ತುಂಬುತ್ತೆ, ಒಂದು ವರ್ಷ ಬಾವಿ ತಳ ಕಾಣುತ್ತೆ. ರೈತ ಎರಡೂ ವರ್ಷ ಬಿತ್ತುತ್ತಾನೆ.

ಈ ಮಾತಿನ ನಡುವೆ ಇನ್ನೊಂದು ಹೊಟ್ಟೆಉರಿ. ತಮಿಳುನಾಡು ಯಾಕೆ ಹೀಗೆ, ನಾವು ಯಾಕೆ ಹೀಗೆ? ದೇಶದ ಗ್ರ್ಯಾಂಡ್‌ಮಾಸ್ಟರುಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಅಲ್ಲಿಯವರೇ. ಇದು ಮೊನ್ನೆ ಮೊನ್ನೆ ಆದದ್ದಲ್ಲ. ಮ್ಯಾನುಯೆಲ್ ಆರನ್ 1961ರಲ್ಲೇ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದರು, ಅದು ಗ್ರ್ಯಾಂಡ್‌ಮಾಸ್ಟರಿಗಿಂತ ಒಂದು ಮೆಟ್ಟಿಲು ಕೆಳಗಿನ ಪಟ್ಟ. ಮದ್ರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ 1972ರಿಂದ ತಾಲ್ ಚೆಸ್ ಕ್ಲಬ್ ಇತ್ತು, ಆನಂದ್ ಅಲ್ಲಿ ಆಡಿ ಬೆಳೆದು 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. ನಡುವೆ ಇಪ್ಪತ್ತೊಂಬತ್ತು ವರ್ಷ. ಅವರು ಆ ಪಟ್ಟ ಮುಟ್ಟುವಾಗ ಮೂವತ್ತೈದು ದಾಟಿತ್ತು. ನನಗೆ ಗುಕೇಶನಷ್ಟೇ ಅವರ ಮೇಲೂ ಗೌರವ. ಅಷ್ಟು ವರ್ಷ ಬಿಡದೆ ಆಡೋದು ಸಣ್ಣ ಮಾತಾ?

ನಮ್ಮ ಬೆಳಗಾವಿಯಲ್ಲಿ ಆಟ ಇರಲಿಲ್ಲ ಅಂತಲ್ಲ. ನಮ್ಮಜ್ಜ ಮರಾಠಿ ಗೆಳೆಯರ ಜೊತೆ ಕಟ್ಟೆಯ ಮೇಲೆ ಆಡ್ತಿದ್ದರು. ಚದುರಂಗ ಅನ್ನುತ್ತಿರಲಿಲ್ಲ, ಬುದ್ಧಿಬಳ ಅಂತಿದ್ದರು. ರಾಣಿ ಅವರ ಬಾಯಲ್ಲಿ ವಜೀರ. ಆಟ ಇತ್ತು, ಆದರೆ ಕಲಿತ ಹುಡುಗ ಮುಂದೆ ಎಲ್ಲಿಗೆ ಹೋಗಬೇಕು ಅನ್ನೋ ದಾರಿ ಇರಲಿಲ್ಲ. ಇವತ್ತಿಗೂ ದೊಡ್ಡ ಟೂರ್ನಮೆಂಟ್ ಅಂದರೆ ನಾವು ರಾತ್ರಿ ರೈಲು ಹತ್ತಬೇಕು. ಅಕ್ಕವ್ವನ ಶಾಲೆ, ಹೆಸರು ಬೇಡ, ಮೂರು ದಿನದ ರಜೆಗೆ ನನ್ನಿಂದ ಎರಡು ಅರ್ಜಿ ಬರೆಸಿಕೊಂಡಿತು. ಗುಕೇಶ್ ಗೆದ್ದ ಮರುದಿನ ಅದೇ ಶಾಲೆಯ ಬೋರ್ಡಿನ ಮೇಲೆ ಅವನಿಗೆ ಅಭಿನಂದನೆ ಬರೆದಿದ್ದರು.

ಶನಿವಾರ ರಾತ್ರಿಗೆ ವಾಪಸ್ ಬರ್ತೀನಿ. ಸುದ್ದಿ ಹೇಗೆ ಹೇಳಲಿ ಅಂತ ನಾನು ಒದ್ದಾಡ್ತಿದ್ದೆ. ಅವಳಿಗೆ ಆಗಲೇ ಗೊತ್ತಾಗಿತ್ತು, ಅವರಮ್ಮನ ಮೊಬೈಲಿನಲ್ಲಿ ನೋಡಿದ್ದಳು. "ನಾಳೆ ಹೋಗೂದು ಬ್ಯಾಡ ಬಿಡು ಮಾಮಾ, ಸೋತಾಗ ಸಹಿ ಕೇಳಿದ್ರ ಅವಗ ಬ್ಯಾಸರಾಗತೈತಿ" ಅಂದಳು. ಟೂರ್ನಿಯಲ್ಲಿ ಅರ್ಜುನ್ ಎರಿಗೈಸಿ ಇನ್ನೂ ಇದಾನಲ್ಲ ಅಂದೆ. ಒಪ್ಪಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ತೊಳೆದಿಟ್ಟ ಬೋರ್ಡ್ ಪಡಸಾಲೆಯ ನೆಲದ ಮೇಲಿತ್ತು. ಪಕ್ಕದಲ್ಲಿ ಮೊಬೈಲ್. ಗುಕೇಶ್ ಸೋತ ಆಟವನ್ನು ಒಂದೊಂದೇ ನಡೆ ಆಡಿ ನೋಡ್ತಿದ್ದಳು. ಗೋವಾಕ್ಕೆ ಅಂತ ಮಾಡಿದ ಶೇಂಗಾ ಹೋಳಿಗೆ ಕಚ್ಚುತ್ತಾ, "ಇಲ್ಲಿ ಕುದರಿ ಯಾಕ ತಗೀಲಿಲ್ಲ ಇಂವ?" ಅಂತ ನನ್ನನ್ನು ಕೇಳಿದಳು. ನನಗೇನು ಗೊತ್ತು. ಹೂಂ ಅಂದೆ. ಆಟ ಮುಗಿಸಿ ಕಾಯಿಗಳನ್ನು ಬಾಚಿ ಚೀಲಕ್ಕೆ ತುಂಬಿದಳು, ಎಂದಿನ ಹಾಗೇ. ಆಮೇಲೆ, "ಮುಂದಿನ ಟೂರ್ನಮೆಂಟಿನ ಫೀ ಕಟ್ಟಿ ಏನ?" ಅಂದಳು. ಕಟ್ಟಿರಲಿಲ್ಲ. ಅವಳ ಎದುರೇ ಕೂತು ಕಟ್ಟಿದೆ.

ಗೆಳೆಯಾ, ನೀನೂ ಇದನ್ನು ಓದ್ತೀಯ ಅಂತ ಗೊತ್ತು. ಆ ಒಂದು ಕಿಲೋ ಕುಂದಾ ಇನ್ನೂ ಬಂದಿಲ್ಲ.