ಎ ಗ್ರೇಡು, ಬಿ ಸೈಡು

ತಂಗಿಯ ಮಗ ಬೆಂಗಳೂರಿನಿಂದ ಬಂದಿದ್ದ. ಬೆಳಿಗ್ಗೆ ಅಕ್ಕಿರೊಟ್ಟಿ ತಿನ್ನುತ್ತಾ ಮೊಬೈಲಿನಲ್ಲಿ ‘ಎರಡು ಕನಸು’ ಹಾಡುಗಳನ್ನು ಹಾಕಿದ. ನನ್ನನ್ನು ಖುಷಿಪಡಿಸಲು ಅಂತ ಗೊತ್ತಾಯಿತು. ಎರಡನೇ ಹಾಡು ಇನ್ನೂ ಅರ್ಧದಲ್ಲಿತ್ತು, ಪರದೆಯ ಮೇಲೆ ಐದು ನಕ್ಷತ್ರಗಳು ಬಂದವು. ಹುಡುಗ ಎಣ್ಣೆಗೈಯಲ್ಲೇ ಐದನ್ನೂ ಒತ್ತಿ ಮುಂದಿನ ಹಾಡಿಗೆ ಹಾರಿದ.

“ಹಾಡು ಮುಗಿದೇ ಇಲ್ಲವಲ್ಲೋ!”

“ಚೆನ್ನಾಗಿದೆ ಅಂತ ಗೊತ್ತಲ್ವಾ ಮಾವ. ನಾನು ಎಲ್ಲದಕ್ಕೂ ಐದೇ ಕೊಡೋದು.”

ಎಲ್ಲದಕ್ಕೂ ಐದು. ರೊಟ್ಟಿ ನನ್ನ ಗಂಟಲಲ್ಲೇ ನಿಂತಿತು.

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ 31 ವರ್ಷ ಗುಮಾಸ್ತನಾಗಿದ್ದವನು. ತೋಟದವರು ಜೀಪಿನಿಂದ ಕಾಲು ಕೆಳಗಿಡುವ ಮೊದಲೇ “ಈ ಸಲ ಪೂರ್ತಿ ಎ ಗ್ರೇಡೇ ಕಣ್ರೀ” ಅನ್ನುತ್ತಿದ್ದರು. ಜರಡಿ ಯಾರ ಮಾತನ್ನೂ ಕೇಳುವುದಿಲ್ಲ. 6.65 ಮಿಲಿಮೀಟರ್ ತೂತಿನ ಜರಡಿಯ ಮೇಲೆ ನಿಂತರೆ ಎ. 6 ಮಿಲಿಮೀಟರಿನದರ ಮೇಲೆ ನಿಂತರೆ ಬಿ. ಆಮೇಲೆ ಸಿ. ಕಪ್ಪು ಬೀಜ, ಒಡೆದ ಚೂರು ಎಲ್ಲಕ್ಕಿಂತ ಕೊನೆಗೆ. ಜರಡಿಯಲ್ಲಿ ಪಾಸಾದದ್ದನ್ನೂ ಹೆಂಗಸರು ಸಾಲಾಗಿ ಕೂತು ಕೈಯಲ್ಲಿ ಆರಿಸುತ್ತಿದ್ದರು. ಗಾರ್ಬ್ಲಿಂಗ್ ಅಂತ ಅದಕ್ಕೆ ಹೆಸರು. ಕಣ್ಣು ಗಡಿಯಾರದ ಮೇಲೆ, ಬಾಯಿ ಯಾರದೋ ಸೊಸೆಯ ಮೇಲೆ, ಬೆರಳು ಮಾತ್ರ ಸರಿಯಾಗಿ ಕಪ್ಪು ಬೀಜದ ಮೇಲೆ. ಇಂಥ ಕಡೆ ದುಡಿದವನ ಎದುರಿಗೆ ಕೂತು ಎಲ್ಲದಕ್ಕೂ ಐದು ಅಂದರೆ?

ನನ್ನದೂ ಒಂದು ಲೆಕ್ಕ ಇದೆ. ಹಳೇ ಲೆಡ್ಜರಿನ ಉಳಿದ ಹಾಳೆಗಳಲ್ಲಿ, ಮನೆಯಲ್ಲಿರುವ ಪ್ರತಿ ಕ್ಯಾಸೆಟ್ಟಿನ ಮುಂದೂ ಗ್ರೇಡು ಬರೆದಿಟ್ಟಿದ್ದೇನೆ. ‘ನಿತ್ಯೋತ್ಸವ’ಕ್ಕೆ ಎ. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದ್ ಅವರ ಕವಿತೆಗಳನ್ನು ಹಾಡಾಗಿಸಿ ತಂದಾಗ ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಕೂಡ ಇರಲಿಲ್ಲ. ಆದರೂ ಹಾಡುಗಳು ಬಾಯಿಗೆ ಬರುತ್ತಿದ್ದವು. ಪ್ರತಿ ನವೆಂಬರ್ ಒಂದಕ್ಕೆ ಮಕ್ಕಳು ಆ ಜೋಗದ ಹಾಡನ್ನು ಬಸ್ಸು ತಪ್ಪಿಹೋಗುತ್ತೆ ಅನ್ನುವ ಹಾಗೆ ಓಡಿಸುತ್ತಾರಲ್ಲ, ಅದಕ್ಕೆ ನಾನು ಮಾರ್ಕ್ಸ್ ಕಳೆಯುವುದಿಲ್ಲ. ಅದು ಹಾಡಿನ ತಪ್ಪಲ್ಲ, ಮೈಕಿನವನದು.

‘ಎರಡು ಕನಸು’ ಕೂಡ ಎ. 1974ರ ರಾಜನ್-ನಾಗೇಂದ್ರ. ಅದರಲ್ಲಿ ಒಂದು ಕಪ್ಪು ಬೀಜ ಸಿಗುತ್ತಾ ಅಂತ ವರ್ಷಾನುಗಟ್ಟಲೆ ಹುಡುಕಿದ್ದೇನೆ. ಒಮ್ಮೆ ‘ತಂ ನಂ ತಂ ನಂ’ ಅನ್ನು ಬಿಗೆ ಇಳಿಸಿದ್ದೆ. ಆ ವರ್ಷ ಹೋದ ನಾಲ್ಕು ಮದುವೆಯಲ್ಲೂ ಆರ್ಕೆಸ್ಟ್ರಾದವರು ಅದನ್ನೇ ಹಾಡಿದ್ದರು. ಆಮೇಲೆ ಪಾಪ ಅನ್ನಿಸಿ ಮತ್ತೆ ಏರಿಸಿದೆ.

ಪಿಬಿ, ಅಂದರೆ ಪೀಬೆರಿ, ಕೊಡುವುದು ಕಷ್ಟ. ಹಣ್ಣಿನೊಳಗೆ ಎರಡು ಬೀಜ ಇರಬೇಕಾದಲ್ಲಿ ಒಂದೇ ಗುಂಡಗೆ ಬೆಳೆದಿರುತ್ತದೆ. ಕೀಳು ಅಂತಲ್ಲ, ಅದನ್ನೇ ಹುಡುಕಿಕೊಂಡು ಬರುವವರಿದ್ದಾರೆ. ನನ್ನ ಪಟ್ಟಿಯಲ್ಲಿ ‘ಕಾಡು ಕುದುರೆ’ಗೆ ಪಿಬಿ. ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಆ ಒಂದು ಹಾಡು ಬಂದರೆ ಬೇರೆ ಏನೂ ನೆನಪಿರುವುದಿಲ್ಲ.

ಸಿ. ಅಶ್ವತ್ಥ್ ಅವರ ಕ್ಯಾಸೆಟ್ಟುಗಳ ವಿಷಯದಲ್ಲಿ ನನಗೆ ಸ್ವಾತಂತ್ರ್ಯ ಇಲ್ಲ. ಅವರು ಹುಟ್ಟಿದ್ದು ಚನ್ನರಾಯಪಟ್ಟಣದಲ್ಲಿ. ನನ್ನ ಹೆಂಡತಿಯ ತವರೂ ಅದೇ. ಕೆ.ಎಸ್. ನರಸಿಂಹಸ್ವಾಮಿಯವರ ಕಿಕ್ಕೇರಿ ಮಂಡ್ಯ ಜಿಲ್ಲೆಗೆ ಸೇರಿದ್ದರೂ “ನಮ್ಮೂರ ಪಕ್ಕವೇ ಅಲ್ವಾ” ಅಂತ ಅವರನ್ನೂ ಸೇರಿಸಿಕೊಂಡಿದ್ದಾಳೆ. ಹಾಗಾಗಿ ‘ಮೈಸೂರು ಮಲ್ಲಿಗೆ’ಗೆ ನಾನು ಬಿ ಕೊಟ್ಟರೆ ರಾತ್ರಿ ಊಟಕ್ಕೆ ಬೆಳಗಿನ ಸಾರೇ ಗತಿ.

ಆದರೆ ಒಂದು ಕ್ಯಾಸೆಟ್ಟಿನ ಮುಂದೆ ಗ್ರೇಡಿನ ಕಾಲಂ ಖಾಲಿ ಇದೆ. ಅಶ್ವತ್ಥ್ ಹಾಡಿದ ಶಿಶುನಾಳ ಶರೀಫರ ತತ್ವಪದಗಳು. ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ, ಚಿಕ್ಕಮಗಳೂರಿನ ಬಸ್ಸಿಗೆ ಕಾಯುವಾಗ ಕೊಂಡದ್ದು. ಶರೀಫರ ಮೇಲಿನ ಸಿನಿಮಾ 1990ರಲ್ಲಿ ಬಂದ ಮೇಲೆ ಎಲ್ಲರ ಬಾಯಲ್ಲೂ ಕೋಡಗನ ಕೋಳಿ ನುಂಗಿತ್ತಾ. ನಮ್ಮ ಎದುರು ಮನೆಯವರು ಒಂದು ಜುಲೈ ತಿಂಗಳ ಸಂಜೆ ಕೊಡೆ ಮಡಚುತ್ತಾ ಬಂದು, “ಆ ಶರೀಫರದ್ದು ಒಂದೆರಡು ದಿನಕ್ಕೆ ಬೇಕಿತ್ತಲ್ಲ” ಅಂದರು. ಒಳ್ಳೆಯ ಮನುಷ್ಯ. ಕೊಟ್ಟೆ.

ಒಂದೆರಡು ದಿನ ಒಂದೂವರೆ ತಿಂಗಳಾಯಿತು. ನಾನು ಗೇಟಿನ ಹತ್ತಿರ ನಿಂತು ಕೆಮ್ಮಿದೆ. ಹೆಂಡತಿ ಅವರ ಮನೆಗೆ ಕೆಸುವಿನ ಪತ್ರೊಡೆ ಕೊಟ್ಟು ಖಾಲಿ ಡಬ್ಬಿ ಮಾತ್ರ ವಾಪಸ್ ತಂದಳು. ಕೊನೆಗೆ ಗಣೇಶನ ಹಬ್ಬದ ಹಿಂದಿನ ದಿನ ಅವರೇ ಬಂದರು. ಒಂದು ಕೈಯಲ್ಲಿ ಬಾಳೆಗೊನೆ, ಒಂದು ಕೈಯಲ್ಲಿ ಕ್ಯಾಸೆಟ್ಟು. ಬಾಳೆಗೊನೆ ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ರಾತ್ರಿ ಹಾಕಿದೆ. ಎ ಸೈಡು ಸರಿಯಾಗಿತ್ತು. ತಿರುಗಿಸಿದೆ. ‘ಸೋರುತಿಹುದು ಮನೆಯ ಮಾಳಿಗಿ’ ಶುರುವಾಯಿತು, ಒಂದು ನುಡಿ ಆಯಿತು. ಟಕ್ ಅಂತ ಒಂದು ಸದ್ದು. ಅಶ್ವತ್ಥ್ ಇಲ್ಲ. ತಗಡಿನ ಮೇಲೆ ಧೋ ಅಂತ ಮಳೆ. ಆಮೇಲೆ ಒಂದು ಮುದಿ ದನಿ:

“ಇದು ತಿರುಗ್ತಾ ಇದ್ಯೇನೋ?”

“ಮಾತಾಡಮ್ಮ, ತಿರುಗ್ತಾ ಇದೆ.”

ವಿಷಯ ಇಷ್ಟು. ಎದುರು ಮನೆಯವರ ಅಣ್ಣ ಬೊಂಬಾಯಿಯಲ್ಲಿದ್ದರು. ತಾಯಿಗೆ ಬರೆಯಲು ಬಾರದು. ದನಿಯನ್ನೇ ಕ್ಯಾಸೆಟ್ಟಿನಲ್ಲಿ ತುಂಬಿ ಕಳಿಸೋಣ ಅಂತ ಇವರಿಗೆ ಹೊಳೆಯಿತು. ಖಾಲಿ ಕ್ಯಾಸೆಟ್ಟಿಗೆ ಮಳೆಯಲ್ಲಿ ಎಂ.ಜಿ. ರಸ್ತೆ ತನಕ ಯಾರು ಹೋಗುತ್ತಾರೆ? ಅಂಗಡಿಯ ಕ್ಯಾಸೆಟ್ಟಿನ ಮೇಲೆ ಯಾರೂ ರೆಕಾರ್ಡ್ ಮಾಡದಿರಲಿ ಅಂತಲೇ ಬೆನ್ನಿಗೆ ಎರಡು ಚೌಕ ತೂತು ಬಿಟ್ಟಿರುತ್ತಾರೆ. ಇವರು ಅದರಲ್ಲಿ ಒಂದಕ್ಕೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿದ್ದರು. ಬಿ ಸೈಡಿಗೆ ಎಷ್ಟು ಬೇಕೋ ಅಷ್ಟೇ. ಎ ಸೈಡಿನ ತೂತು ಮುಟ್ಟಿರಲಿಲ್ಲ. ಆ ಮಟ್ಟಿಗೆ ಸಜ್ಜನರು.

ಆಮೇಲೆ ಅಣ್ಣನಿಂದ ಕಾಗದ ಬಂತು, ಅವರ ಟೇಪ್ ರೆಕಾರ್ಡರ್ ಕೆಟ್ಟಿದೆ ಅಂತ. ಕ್ಯಾಸೆಟ್ಟು ಪೋಸ್ಟ್ ಆಗಲೇ ಇಲ್ಲ. ಬಾಳೆಗೊನೆ ಜೊತೆ ನಮ್ಮ ಮನೆಗೆ ಬಂತು.

ಒಟ್ಟು 18 ನಿಮಿಷ. ಕ್ಯಾಸೆಟ್ಟಿನ ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಗುಮಾಸ್ತನಲ್ಲವೇ, ಲೆಕ್ಕ ಹಾಕದೆ ಇರಲಾಗಲಿಲ್ಲ. 51 ಮೀಟರ್. ನಮ್ಮ ಮನೆ ಬಾಗಿಲಿಂದ ಅವರ ಮನೆಯ ಬಾಗಿಲಿಗೆ ಅಷ್ಟು ದೂರ ಇಲ್ಲ. “ಅಲ್ಲಿ ಖಾಲಿ ಇತ್ತು ಅಂದ್ಕೊಂಡೆ” ಅಂದರು ಕೇಳಿದಾಗ. ಖಾಲಿ! ಅಶ್ವತ್ಥ್ ಅವರಷ್ಟು ಗಟ್ಟಿಯಾಗಿ ಹಾಡುವವರು ಕನ್ನಡದಲ್ಲಿ ಬೇರೆ ಯಾರಿದ್ದಾರೆ ಹೇಳಿ.

ಆ 18 ನಿಮಿಷ ನನಗೆ ಬಾಯಿಪಾಠ ಆಗಿದೆ. ಕೆಂದ ಹಸು ಹೆಣ್ಣುಕರು ಹಾಕಿದೆ. ಏಲಕ್ಕಿಗೆ ರೇಟಿಲ್ಲ. ಮೂರು ದಿನದಿಂದ ಕರೆಂಟಿಲ್ಲ, ಸೆಲ್ ಹಾಕಿ ಮಾತಾಡ್ತಾ ಇದ್ದೀವಿ, ಸೆಲ್ಲಿಗೂ ದುಡ್ಡು. ಅಡುಗೆಮನೆ ಮೂಲೆಯಲ್ಲಿ ಸೋರ್ತಾ ಇದೆ, ಚೊಂಬಿಟ್ಟಿದ್ದೀನಿ, ಹೆಂಚು ಕೈಯಾಡಿಸೋ ಅಂದ್ರೆ ನಿನ್ನ ತಮ್ಮ ನಾಳೆ ನಾಡಿದ್ದು ಅಂತಾನೆ. ಇಲ್ಲಿ ತಮ್ಮನ ಕೆಮ್ಮು ಕೇಳಿಸುತ್ತದೆ. ಟೇಪ್ ಹಿಡಿದು ಕೂತದ್ದು ಅವರೇ ತಾನೆ. ಸ್ವಲ್ಪ ಹೊತ್ತು ಬರೀ ಮಳೆ. ಆಮೇಲೆ ಅಜ್ಜಿ “ಇನ್ನೂ ಎಷ್ಟುದ್ದ ಇದೆ ಇದು?” ಅನ್ನುತ್ತಾರೆ.

ಶರೀಫರ ಸೋರುವ ಮನೆ ಅಳಿಸಿ ಅದರ ಮೇಲೆ ಇವರ ಸೋರುವ ಮನೆ ಕೂತಿದೆ, ಕತೆ ಕಟ್ಟಿದ್ದೀರಿ ಅಂತ ನೀವು ಹೇಳಬಹುದು. ತಂಗಿಯ ಮಗನೂ ಅದನ್ನೇ ಹೇಳಿದ. ಶರೀಫರ ಮಾಳಿಗೆಗೆ ಬೇರೆ ಅರ್ಥ ಇದೆ, ಗೊತ್ತು. ಈ ಅಜ್ಜಿಯದು ಬರೀ ಅಡುಗೆಮನೆ.

ಇದಕ್ಕೆ ಯಾವ ಗ್ರೇಡು ಕೊಡಲಿ? ಎ ಸೈಡಿಗೆ ಎ, ಅದರಲ್ಲಿ ಎರಡು ಮಾತಿಲ್ಲ. ಬಿ ಸೈಡು ಕಲಬೆರಕೆ. ನಮ್ಮ ವರ್ಕ್ಸ್‌ನಲ್ಲಾಗಿದ್ದರೆ ಇಡೀ ಲಾಟು ಪಕ್ಕಕ್ಕೆ. ಆಮೇಲೆ ಅದೇ ಹಾಡುಗಳ ಸಿಡಿ ತಂದೆ. ಹಾಡು ಕೊನೆಯ ತನಕ ಸಲೀಸಾಗಿ ಹೋಯಿತು. ಎದುರಿಗೆ ಕೂತಿದ್ದ ಹೆಂಡತಿ, “ಅಜ್ಜಿ ಬರಲೇ ಇಲ್ವಲ್ಲ” ಅಂದಳು.

ಹೋದ ದೀಪಾವಳಿಗೆ ಎದುರು ಮನೆಯವರ ಫೋನ್ ಬಂತು. ಅವರು ಈಗ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಅಜ್ಜಿ ತೀರಿಕೊಂಡು ಬಹಳ ಕಾಲ ಆಯಿತು. “ಅಮ್ಮನ ಧ್ವನಿ ಬೇರೆ ಎಲ್ಲೂ ಇಲ್ಲ ಸಾರ್. ಆ ಕ್ಯಾಸೆಟ್ಟು ಇದ್ದರೆ ಒಂದೆರಡು ದಿನಕ್ಕೆ...”

ಒಂದೆರಡು ದಿನಕ್ಕೆ!

ಹುಡುಕಿ ನೋಡ್ತೀನಿ ಅಂದೆ. ಹುಡುಕುವುದೇನು, ಷೋಕೇಸಿನ ಮೇಲಿನ ಅರೆಯಲ್ಲೇ ಇದೆ, ಪ್ಲಾಸ್ಟರ್ ಸಮೇತ. ತಂಗಿಯ ಮಗ ಹೇಳಿದ, “ನನಗೆ ಕೊಡಿ ಮಾವ, ಮೊಬೈಲಿಗೆ ಇಳಿಸಿ ಅವರಿಗೂ ಕಳಿಸ್ತೀನಿ, ಐದು ನಿಮಿಷದ ಕೆಲಸ.” 18 ನಿಮಿಷದ್ದು ಐದು ನಿಮಿಷಕ್ಕೆ ಹೇಗೆ ಇಳಿಯುತ್ತೋ ನಾನು ಕಾಣೆ. ಸಾಲದ್ದಕ್ಕೆ ನಮ್ಮ ಟೇಪ್ ರೆಕಾರ್ಡರಿನ ಬೆಲ್ಟು ಹರಿದಿದೆ, ಹಾಕಿಕೊಡುವವರು ಈ ಊರಲ್ಲಿ ಉಳಿದಿಲ್ಲ. ಅದನ್ನೇ ಅವನಿಗೂ ಹೇಳಿದೆ. ಅರ್ಧ ನಿಜ.

ಅವನು ಹೋದ ಮೇಲೆ ಲೆಡ್ಜರ್ ತೆಗೆದೆ, ಈ ಸಲ ಏನಾದರೂ ಒಂದು ಬರೆದೇಬಿಡೋಣ ಅಂತ. ಕಾಲಂ ಖಾಲಿ ಇರಲಿಲ್ಲ. ಪೆನ್ಸಿಲಿನಲ್ಲಿ, ಸಣ್ಣಗೆ, ‘ಕೊಡಬೇಡಿ’ ಅಂತ ಬರೆದಿತ್ತು. ಅಕ್ಷರ ನನ್ನ ಹೆಂಡತಿಯದು.